ವೈಕಲ್ಯದ ವೈದ್ಯಕೀಯ ತಪಾಸಣೆ: ಅಗತ್ಯ ಅನುಕೂಲತೆಗಳನ್ನು ಕೋರುವ ಕುರಿತು ಮಾಹಿತಿ

ವಿಕಲಚೇತನರಿಗೆ ಸರ್ಕಾರವು ನೀಡುವ ಮಾಸಿಕ ಪಿಂಚಣಿ, ರಿಯಾಯಿತಿ ಬಸ್ ಪಾಸ್, ಸಾಧನ ಸಲಕರಣೆ, ಶಿಕ್ಷಣ ಹಾಗೂ ಉದ್ಯೋಗದಲ್ಲಿ ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ವೈಕಲ್ಯ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಎಂದು ಕರೆಯಲಾಗುವ ವಿಶಿಷ್ಟ ಗುರುತಿನ ಚೀಟಿಯೇ ಆಧಾರ. ಪ್ರಮಾಣಪತ್ರದಲ್ಲಿ ನಮೂದಾಗುವ ಶೇಕಡಾವಾರು ಪ್ರಮಾಣಕ್ಕೆ ಬಹಳ ಮಹತ್ವವಿದೆ. ಬಹುತೇಕ ಸೌಲಭ್ಯಗಳಿಗೆ ಕನಿಷ್ಠ ಶೇ. 40ರಷ್ಟು ವೈಕಲ್ಯವಿರಬೇಕು, ಪಿಂಚಣಿಯ ಮೊತ್ತವು ಶೇ. 75ರ ಗಡಿಯಲ್ಲಿ ಮತ್ತೊಮ್ಮೆ ಬದಲಾಗುತ್ತದೆ. ಈ ಪ್ರಮಾಣವನ್ನು ನಿರ್ಧರಿಸುವುದು ವೈದ್ಯಕೀಯ ತಪಾಸಣೆ. ಉಡುಪಿ ಜಿಲ್ಲೆಯ ಅರ್ಜಿದಾರರು ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆಗೆ, ಅಥವಾ ಆನ್‌ಲೈನ್ ಅರ್ಜಿಯಲ್ಲಿ ತಾವು ಆಯ್ಕೆ ಮಾಡಿಕೊಂಡ ಆಸ್ಪತ್ರೆಗೆ, ನಿಗದಿತ ದಿನದಂದು ಹಾಜರಾಗಬೇಕಾಗುತ್ತದೆ.

ತಪಾಸಣೆಯ ದಿನ ಮೆಟ್ಟಿಲು ಹತ್ತಲಾಗದೆ, ಸರದಿಯಲ್ಲಿ ಕಾಯಲಾಗದೆ, ಅಥವಾ ಕೇಳಿದ ಪ್ರಶ್ನೆ ಅರ್ಥವಾಗದೆ ಅರ್ಜಿದಾರರು ಹಿಂದಿರುಗುವುದುಂಟು. ತಪಾಸಣೆಯು ತಮ್ಮ ಸ್ಥಿತಿಗೆ ಹೊಂದುವಂತೆ ನಡೆಯಬೇಕೆಂದು ಮುಂಚಿತವಾಗಿ ಕೋರಲು ಅವಕಾಶವಿದೆ ಎಂಬುದು ಅನೇಕರಿಗೆ ತಿಳಿದಿಲ್ಲ. ಇದು ಯಾರದೋ ಔದಾರ್ಯವಲ್ಲ, ಹಕ್ಕು.

ಕಾನೂನಿನ ಆಧಾರ

ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016 ದಿನಾಂಕ 19-4-2017ರಿಂದ ಜಾರಿಯಲ್ಲಿದೆ. ವ್ಯಕ್ತಿಯ ಅಗತ್ಯಕ್ಕೆ ತಕ್ಕಂತೆ, ಸಂಸ್ಥೆಯ ಮೇಲೆ ಅತಿಯಾದ ಹೊರೆ ಬೀಳದ ರೀತಿಯಲ್ಲಿ ಮಾಡುವ ಮಾರ್ಪಾಡನ್ನು ಸದರಿ ಅಧಿನಿಯಮವು 'ಸಮಂಜಸ ಅನುಕೂಲತೆ' ಎಂದು ಕರೆಯುತ್ತದೆ. ಇದನ್ನು ನಿರಾಕರಿಸುವುದು ತಾರತಮ್ಯವೆಂದೇ ಪರಿಗಣಿತವಾಗುತ್ತದೆ. ಆಸ್ಪತ್ರೆಗಳ ಎಲ್ಲ ಭಾಗಗಳಿಗೂ ಅಡೆತಡೆಯಿಲ್ಲದ ಪ್ರವೇಶ ಮತ್ತು ಚಿಕಿತ್ಸೆಯಲ್ಲಿ ಆದ್ಯತೆಯನ್ನು 25ನೇ ಪ್ರಕರಣವು ಒದಗಿಸುತ್ತದೆ.

ಇನ್ನೂ ಪ್ರಮಾಣಪತ್ರವೇ ದೊರೆಯದವರು ಈ ಹಕ್ಕನ್ನು ಕೇಳಬಹುದೇ ಎಂಬ ಸಂದೇಹ ಸಹಜ. ಕೇಳಬಹುದು. ವಿಕಾಸ್ ಕುಮಾರ್ ವಿರುದ್ಧ ಕೇಂದ್ರ ಲೋಕಸೇವಾ ಆಯೋಗ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ದಿನಾಂಕ 11-2-2021ರಂದು ನೀಡಿದ ತೀರ್ಪಿನಂತೆ, ಸಮಂಜಸ ಅನುಕೂಲತೆಯು ಶೇ. 40ರ ಮಿತಿಯನ್ನು ತಲುಪಿದವರಿಗಷ್ಟೇ ಸೀಮಿತವಲ್ಲ. ಬರೆಯುವಾಗ ಕೈ ಸೆಳೆತದ ತೊಂದರೆಯುಳ್ಳ ಅಭ್ಯರ್ಥಿಗೆ ಲಿಪಿಕಾರರನ್ನು ಒದಗಿಸುವ ವಿಷಯದಲ್ಲಿ ಬಂದ ತೀರ್ಪು ಇದಾದರೂ, ಅದರ ತತ್ವವು ತಪಾಸಣಾ ಕೊಠಡಿಗೂ ಅನ್ವಯಿಸುವಂಥದ್ದು.

ಆದರೆ ಅನುಕೂಲತೆ ಕೋರುವುದೆಂದರೆ ಮಾನದಂಡವನ್ನು ಸಡಿಲಿಸುವಂತೆ ಕೋರುವುದಲ್ಲ. ವೈಕಲ್ಯವನ್ನು ಅಳೆಯುವ ಕ್ರಮವನ್ನು ಕೇಂದ್ರ ಸರ್ಕಾರದ ಮಾರ್ಗಸೂಚಿಗಳು ನಿಗದಿಪಡಿಸಿವೆ. 2018ರ ಮಾರ್ಗಸೂಚಿಗಳನ್ನು 2024ರ ಮಾರ್ಚ್‌ನಲ್ಲಿ ಪರಿಷ್ಕರಿಸಲಾಗಿದೆ. ಅವುಗಳನ್ನು ವೈದ್ಯರು ಬದಲಿಸಲಾರರು. ಅಳತೆಯು ಸರಿಯಾಗಿ ಬರುವಂತೆ ಸನ್ನಿವೇಶವನ್ನು ಸಜ್ಜುಗೊಳಿಸುವುದಷ್ಟೇ ಅನುಕೂಲತೆಯ ಉದ್ದೇಶ.

ಏನನ್ನು ಕೋರಬಹುದು

ಶ್ರವಣದೋಷವುಳ್ಳವರ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಶ್ರವಣ ಪರೀಕ್ಷೆಯನ್ನು ಶ್ರವಣ ಸಾಧನ ತೆಗೆದಿರಿಸಿ ಮಾಡಲಾಗುತ್ತದೆ. ಸಾಧನ ತೆಗೆದ ಬಳಿಕ ನೀಡುವ ಸೂಚನೆ ಅರ್ಜಿದಾರರಿಗೆ ಕೇಳಿಸುವುದಿಲ್ಲ! ಸೂಚನೆ ತಿಳಿಯದೆ ಗುಂಡಿ ಒತ್ತಿದರೆ ಫಲಿತಾಂಶವೂ ತಪ್ಪಾಗುತ್ತದೆ. ಆದುದರಿಂದ ಸೂಚನೆಗಳನ್ನು ಮೊದಲೇ, ಬರವಣಿಗೆಯಲ್ಲಿ ಅಥವಾ ಸಂಜ್ಞಾ ಭಾಷೆಯಲ್ಲಿ ತಿಳಿಸುವಂತೆ ಕೋರಬಹುದು. ದೃಷ್ಟಿದೋಷದ ವಿಷಯ ಇದಕ್ಕೆ ವಿರುದ್ಧ: ದೃಷ್ಟಿಯನ್ನು ಸೂಕ್ತ ಕನ್ನಡಕ ಧರಿಸಿದ ನಂತರ ಅಳೆಯಲಾಗುವುದರಿಂದ ಕನ್ನಡಕವನ್ನು ಮರೆಯದೆ ತರತಕ್ಕದ್ದು.

ಕರಾವಳಿಯಲ್ಲಿ ಭಾಷೆಯ ಪ್ರಶ್ನೆಯೂ ಸಣ್ಣದಲ್ಲ. ಕಾಪುವಿನ ಕಡಲ ತೀರದಲ್ಲಾಗಲಿ ಕಾರ್ಕಳದ ಒಳನಾಡಿನಲ್ಲಾಗಲಿ ಮನೆಯ ಮಾತು ತುಳು, ಕೊಂಕಣಿ ಅಥವಾ ಬ್ಯಾರಿ ಆಗಿರುವ ಮಕ್ಕಳು ಅನೇಕರಿದ್ದಾರೆ. ಬೌದ್ಧಿಕ ವೈಕಲ್ಯದ ಪರೀಕ್ಷೆಯಲ್ಲಿ ಕನ್ನಡ ಅಥವಾ ಇಂಗ್ಲಿಷ್ ಪ್ರಶ್ನೆಗೆ ಮಗು ಸುಮ್ಮನಿದ್ದರೆ, ಆ ಮೌನಕ್ಕೆ ಕಾರಣ ಬುದ್ಧಿಶಕ್ತಿಯೋ ಭಾಷೆಯೋ ಎಂಬುದನ್ನು ಹೇಳುವುದು ಕಷ್ಟ. ಮಗುವಿನ ಮನೆಮಾತಿನಲ್ಲಿ ಪ್ರಶ್ನೆ ಕೇಳುವಂತೆ, ಇಲ್ಲವೇ ಆ ಭಾಷೆ ಬಲ್ಲ ಸಿಬ್ಬಂದಿಯ ನೆರವು ಒದಗಿಸುವಂತೆ ಪೋಷಕರು ಕೋರುವುದು ಯುಕ್ತ. ಹಾಗೆಂದು ಪೋಷಕರೇ ಮಗುವಿನ ಪರವಾಗಿ ಉತ್ತರಿಸತೊಡಗಿದರೆ ಪರೀಕ್ಷೆಯ ಉದ್ದೇಶವೇ ವಿಫಲವಾಗುತ್ತದೆ.

ಆಟಿಸಂ ಇರುವ ಮಕ್ಕಳಿಗೆ ಗದ್ದಲ ಮತ್ತು ದೀರ್ಘ ಕಾಯುವಿಕೆ ಅಸಹನೀಯ. ದಿನದ ಮೊದಲ ಸರದಿಯನ್ನು ಹಾಗೂ ಶಾಂತವಾದ ಕೊಠಡಿಯನ್ನು ಕೋರಬಹುದು. ಪಾರ್ಕಿನ್‌ಸನ್ ಕಾಯಿಲೆಯುಳ್ಳವರ ಚಲನೆ ಔಷಧಿ ಸೇವನೆಯ ಹೊತ್ತಿಗೆ ಅನುಗುಣವಾಗಿ ಏರಿಳಿಯುವುದರಿಂದ, ಔಷಧಿಯ ವೇಳಾಪಟ್ಟಿಯನ್ನು ವೈದ್ಯರ ಗಮನಕ್ಕೆ ತರಬೇಕು. ಮಾನಸಿಕ ಅಸ್ವಸ್ಥತೆಯ ತಪಾಸಣೆಯಲ್ಲಿ ಸ್ವಯಂ ಆರೈಕೆ, ಇತರರೊಡನೆ ಒಡನಾಟ, ಸಂವಹನ ಮತ್ತು ಕೆಲಸ ಇವುಗಳನ್ನು ಪರಿಶೀಲಿಸಲಾಗುತ್ತದೆ. ಆ ದಿನ ಚೆನ್ನಾಗಿ ಕಾಣುವವರು ತಿಂಗಳುಗಟ್ಟಲೆ ಹಾಸಿಗೆ ಬಿಟ್ಟೇಳದವರೂ ಇರಬಹುದು. ಜೊತೆಯಲ್ಲಿ ವಾಸಿಸುವವರೊಬ್ಬರ ಹೇಳಿಕೆಯನ್ನು ಆಲಿಸುವಂತೆ ವಿನಂತಿಸಬಹುದು. ಗಾಲಿಕುರ್ಚಿ, ನೆಲ ಅಂತಸ್ತಿನ ಕೊಠಡಿ, ಮಹಿಳಾ ಸಿಬ್ಬಂದಿಯ ಉಪಸ್ಥಿತಿ ಇವೂ ಕೋರಬಹುದಾದ ಅನುಕೂಲತೆಗಳೇ.

ಹಾಸಿಗೆ ಹಿಡಿದವರ ಮನೆಗೆ ವೈದ್ಯರ ತಂಡವು ಬರುವುದು ತಾನಾಗಿಯೇ ದೊರೆಯುವ ಸೌಲಭ್ಯವಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಂದ ಪ್ರಯಾಣ ಅಸಾಧ್ಯವೆಂಬ ದೃಢೀಕರಣ ಪಡೆದು ಮನವಿ ಸಲ್ಲಿಸಿದಲ್ಲಿ ಅದನ್ನು ಪರಿಗಣಿಸಲು ಆಧಾರ ದೊರೆಯುತ್ತದೆ. ತಾಲ್ಲೂಕು ಮಟ್ಟದಲ್ಲಿ ತಪಾಸಣಾ ಶಿಬಿರ ಏರ್ಪಟ್ಟಲ್ಲಿ ಅದಕ್ಕೆ ಹಾಜರಾಗುವ ಆಯ್ಕೆಯನ್ನೂ ಕೇಳಬಹುದು. 108 ಆಂಬುಲೆನ್ಸ್ ತುರ್ತು ಸೇವೆಗೆ ಮೀಸಲಾಗಿದ್ದು, ತಪಾಸಣೆಗೆ ಹೋಗಿಬರಲು ಅದನ್ನು ನೆಚ್ಚಿಕೊಳ್ಳಬಾರದು.

ಮನವಿ ಸಲ್ಲಿಸುವ ವಿಧಾನ

ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದ ಮನವಿ ಸಾಕು. ಅರ್ಜಿ ಸಂಖ್ಯೆ, ತಪಾಸಣೆಯ ದಿನಾಂಕ, ತೊಂದರೆ ಏನು ಮತ್ತು ಅದಕ್ಕೆ ಯಾವ ಅನುಕೂಲತೆ ಬೇಕು ಎಂಬುದನ್ನು ಬರೆಯತಕ್ಕದ್ದು. 'ಸಹಾಯ ಮಾಡಬೇಕು' ಎಂಬಂಥ ಸಾಮಾನ್ಯ ಕೋರಿಕೆಗಿಂತ, 'ಅರ್ಜಿದಾರರು ಹತ್ತು ನಿಮಿಷಕ್ಕಿಂತ ಹೆಚ್ಚು ಕುಳಿತಿರಲಾರರು. ಮಲಗಲು ಮಂಚ ಒದಗಿಸಬೇಕು' ಎಂಬಂತೆ ನಿಖರವಾಗಿ ಬರೆದರೆ ಆಸ್ಪತ್ರೆಗೆ ಸಿದ್ಧತೆ ಮಾಡಿಕೊಳ್ಳಲು ಸಾಧ್ಯವಾಗುತ್ತದೆ. ಚಿಕಿತ್ಸಾ ದಾಖಲೆಯ ಪ್ರತಿಯನ್ನು ಲಗತ್ತಿಸುವುದು ಒಳ್ಳೆಯದು. ಅಪ್ರಾಪ್ತರ ಅಥವಾ ಸ್ವತಃ ಅರ್ಜಿ ಸಲ್ಲಿಸಲಾಗದವರ ಪರವಾಗಿ ಪೋಷಕರು ಬರೆಯಬಹುದು.

ಮನವಿಯನ್ನು ತಪಾಸಣೆ ನಡೆಸುವ ಆಸ್ಪತ್ರೆಯ ಮುಖ್ಯಸ್ಥರಿಗೆ ಕೆಲವು ದಿನ ಮೊದಲೇ ತಲುಪಿಸಿ, ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಪಡೆಯಬೇಕು. ಮತ್ತೊಂದು ಪ್ರತಿಯನ್ನು ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಅಧಿಕಾರಿಗಳ ಕಚೇರಿಗೆ ನೀಡಬಹುದು. ಮಣಿಪಾಲದವರೆಗೆ ಹೋಗಲಾಗದವರು ತಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಅಥವಾ ತಾಲ್ಲೂಕಿನ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯುವುದು. ಖಾಸಗಿ ಮಧ್ಯವರ್ತಿಗಳಿಗೆ ಹಣ ನೀಡುವ ಅಗತ್ಯ ಎಳ್ಳಷ್ಟೂ ಇಲ್ಲ.

ನಿಗದಿತ ದಿನ ಹಾಜರಾಗಲು ಸಾಧ್ಯವಾಗದಿದ್ದಲ್ಲಿ ಸುಮ್ಮನಿರದೆ ಲಿಖಿತವಾಗಿ ಬೇರೆ ದಿನಾಂಕ ಕೋರತಕ್ಕದ್ದು. 2024ರ ಅಕ್ಟೋಬರ್‌ನ ನಿಯಮ ತಿದ್ದುಪಡಿಯಂತೆ ಪ್ರಮಾಣಪತ್ರ ನೀಡಲು ಮೂರು ತಿಂಗಳ ಕಾಲಾವಕಾಶವಿದ್ದು, ಎರಡು ವರ್ಷ ಮೀರಿಯೂ ತೀರ್ಮಾನವಾಗದ ಅರ್ಜಿಯು ನಿಷ್ಕ್ರಿಯಗೊಳ್ಳುತ್ತದೆ.

ಒಪ್ಪಿಗೆಯಾಗದಿದ್ದಲ್ಲಿ

ಅನುಕೂಲತೆ ದೊರೆಯದೆ ತಪಾಸಣೆ ನಡೆದಲ್ಲಿ, ಏನು ಕೋರಲಾಗಿತ್ತು ಮತ್ತು ಏನು ದೊರೆಯಲಿಲ್ಲ ಎಂಬುದನ್ನು ಅದೇ ದಿನ ಬರೆದು ಆಸ್ಪತ್ರೆಗೆ ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ಪ್ರಮಾಣಪತ್ರವನ್ನು ನಿರಾಕರಿಸಿದರೆ ಕಾರಣಗಳನ್ನು ಲಿಖಿತವಾಗಿ ತಿಳಿಸಬೇಕಾಗಿರುತ್ತದೆ. ತೀರ್ಮಾನದ ದಿನಾಂಕದಿಂದ 90 ದಿನಗಳೊಳಗೆ ರಾಜ್ಯ ಸರ್ಕಾರವು ನೇಮಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಮೇಲ್ಮನವಿ ಸಲ್ಲಿಸಬಹುದು. ಆಗ ಸ್ವೀಕೃತಿ ಮುದ್ರೆಯಿರುವ ಹಳೆಯ ಮನವಿಯ ಪ್ರತಿಯೇ ಪ್ರಮುಖ ದಾಖಲೆಯಾಗುತ್ತದೆ. ಹಕ್ಕಿನ ಉಲ್ಲಂಘನೆಯ ಕುರಿತ ದೂರನ್ನು ಬೆಂಗಳೂರಿನಲ್ಲಿರುವ ವಿಕಲಚೇತನ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ಪ್ರತ್ಯೇಕವಾಗಿ ಸಲ್ಲಿಸಲು ಅವಕಾಶವಿದೆ.