ವೈದ್ಯರ ಕೈಗುಣವೂ ಲೆಕ್ಕದ ಪುಸ್ತಕವೂ

ಒಳ್ಳೆಯ ವೈದ್ಯರನ್ನು ಹೊಗಳುವಾಗ ನಮ್ಮ ಜನ ಅವರ ಪದವಿಗಳನ್ನು ಎಣಿಸುವುದಿಲ್ಲ; 'ಅವರ ಕೈಗುಣ ಒಳ್ಳೆಯದು' ಎನ್ನುತ್ತಾರೆ. ಔಷಧಿ ಅದೇ ಆದರೂ ಕೊಡುವ ಕೈ ಬೇರೆಯಾದರೆ ಫಲವೂ ಬೇರೆಯಾಗುವುದೆಂಬ ನಂಬಿಕೆ ಈ ಮಾತಿನಲ್ಲಿ ಅಡಗಿದೆ. ಶಸ್ತ್ರಕ್ರಿಯೆಯ ಮಟ್ಟಿಗಾದರೂ ಇದು ನಿರಾಧಾರವಾದ ನಂಬಿಕೆಯಲ್ಲ. ಆದರೆ ಕೈಗುಣವನ್ನು ಅಳೆಯುವ ಬಗೆ ಹೇಗೆ? ನೆರೆಹೊರೆಯವರ ಮಾತನ್ನು ಕೇಳಬಹುದು. ಗುಣವಾದವರು ಹತ್ತು ಮಂದಿಗೆ ಹೇಳುತ್ತಾರೆ. ಗುಣವಾಗದೆ ಹೋದವರಲ್ಲಿ ಕೆಲವರು ಹೇಳುವುದಕ್ಕೇ ಉಳಿದಿರುವುದಿಲ್ಲ. ಇದರ ಬದಲು, ದೇಶದ ಒಬ್ಬೊಬ್ಬ ವೈದ್ಯರೂ ಒಂದು ವರ್ಷದಲ್ಲಿ ಯಾವ ಯಾವ ಚಿಕಿತ್ಸೆಯನ್ನು ಎಷ್ಟು ಸಲ ಮಾಡಿದರು, ಅದಕ್ಕಾಗಿ ಎಷ್ಟು ಹಣ ಪಡೆದರು ಎಂಬ ಲೆಕ್ಕದ ಪುಸ್ತಕವೇ ನಮ್ಮ ಮುಂದೆ ತೆರೆದಿದ್ದರೆ? ೨೦೧೪ನೆಯ ಇಸವಿ ಏಪ್ರಿಲ್ ೯ರಂದು ಅಮೆರಿಕ ಸಂಯುಕ್ತ ಸಂಸ್ಥಾನದ ಸರ್ಕಾರವು ಹೆಚ್ಚುಕಡಮೆ ಅಂಥ ಪುಸ್ತಕವೊಂದನ್ನು ಸಾರ್ವಜನಿಕರ ಮುಂದಿಟ್ಟಿತು.

ಈ ಪುಸ್ತಕ ಹುಟ್ಟಿದುದು ಹೇಗೆಂಬುದನ್ನು ಮೊದಲು ತಿಳಿಯೋಣ. ಅರುವತ್ತೈದು ವರ್ಷ ದಾಟಿದವರ ಚಿಕಿತ್ಸೆಯ ವೆಚ್ಚವನ್ನು ವಹಿಸಿಕೊಳ್ಳಲು ಆ ದೇಶದಲ್ಲಿ ೧೯೬೫ರಲ್ಲಿ ಮೆಡಿಕೇರ್ ಎಂಬ ಸರ್ಕಾರಿ ವಿಮಾ ಯೋಜನೆ ಏರ್ಪಟ್ಟಿತು. ವೈದ್ಯರು ತಾವು ಮಾಡಿದ ಪ್ರತಿಯೊಂದು ಕೆಲಸಕ್ಕೂ ಒಂದು ಸಂಕೇತಾಂಕವನ್ನು ಬರೆದು ಬಿಲ್ಲು ಕಳುಹಿಸುತ್ತಾರೆ. ಉದಾಹರಣೆಗೆ, ಸವೆದ ಮೊಣಕಾಲಿನ ಕೀಲನ್ನು ತೆಗೆದು ಕೃತಕ ಕೀಲನ್ನು ಜೋಡಿಸುವ ಶಸ್ತ್ರಕ್ರಿಯೆಯ ಅಂಕ ೨೭೪೪೭. ಹೀಗೆ ವರ್ಷ ವರ್ಷವೂ ಕೋಟಿಗಟ್ಟಲೆ ಬಿಲ್ಲುಗಳು ಸರ್ಕಾರದಲ್ಲಿ ಶೇಖರವಾಗುತ್ತವೆ. ತೆರಿಗೆಯ ಹಣ ಯಾರ ಕೈಗೆ ಹೋಗುತ್ತಿದೆ ಎಂಬುದು ಪ್ರಜೆಗಳಿಗೆ ತಿಳಿಯಬೇಡವೇ ಎಂಬ ಪ್ರಶ್ನೆ ಬಹು ಬೇಗ ಎದ್ದಿತು. ಆದರೆ ಒಬ್ಬೊಬ್ಬ ವೈದ್ಯರ ಗಳಿಕೆಯನ್ನು ಹೆಸರು ಹೇಳಿ ಪ್ರಕಟಿಸುವುದು ಅವರ ಖಾಸಗಿ ಬಾಳಿನಲ್ಲಿ ಕೈಯಿಟ್ಟಂತೆ ಎಂದು ಫ್ಲಾರಿಡ ಪ್ರಾಂತದ ವೈದ್ಯರ ಸಂಘವು ವಾದಿಸಿ, ೧೯೭೯ರಲ್ಲಿ ನ್ಯಾಯಾಲಯದಿಂದ ತಡೆಯಾಜ್ಞೆಯನ್ನು ಪಡೆಯಿತು. ಆ ಆಜ್ಞೆ ಮೂವತ್ತನಾಲ್ಕು ವರ್ಷ ನಿಂತಿತು. ಪತ್ರಿಕಾ ಸಂಸ್ಥೆಯೊಂದು ಹೋರಾಡಿದುದರ ಫಲವಾಗಿ ೨೦೧೩ರಲ್ಲಿ ಅದು ತೆರವಾಯಿತು. ಮರುವರ್ಷ ಹೊರಬಂದ ೨೦೧೨ರ ಲೆಕ್ಕದಲ್ಲಿ ೮,೮೦,೦೦೦ಕ್ಕೂ ಹೆಚ್ಚು ಮಂದಿ ವೈದ್ಯರು ಮತ್ತಿತರ ಚಿಕಿತ್ಸಕರ ಹೆಸರುಗಳೂ, ಅವರಿಗೆ ಸಂದ ೭,೭೦೦ ಕೋಟಿ ಡಾಲರುಗಳ ವಿವರವೂ ಇದ್ದುವು.

ಜನ ಮೊದಲು ಹುಡುಕಿದುದು ಏನನ್ನು? ಅತ್ಯಂತ ಹೆಚ್ಚು ಹಣ ಪಡೆದವರು ಯಾರು ಎಂಬುದನ್ನು. ಮನುಷ್ಯಸ್ವಭಾವವೇ ಅಂಥದು. ಪಟ್ಟಿಯ ತುದಿಯಲ್ಲಿದ್ದವರು ಫ್ಲಾರಿಡದ ಒಬ್ಬ ಕಣ್ಣಿನ ವೈದ್ಯರು. ಒಂದೇ ವರ್ಷದಲ್ಲಿ ಸುಮಾರು ೨ ಕೋಟಿ ೧೦ ಲಕ್ಷ ಡಾಲರು. ಅವರ ಹಿಂದೆ ಇನ್ನೂ ಅನೇಕ ಕಣ್ಣಿನ ವೈದ್ಯರು ಸಾಲುಗಟ್ಟಿದ್ದರು. ಇವರೆಲ್ಲರೂ ದುರಾಶೆಯವರೆಂದು ತೀರ್ಮಾನಿಸಬಹುದೆ?

ಅಕ್ಕಸಾಲಿಗನ ಅಂಗಡಿಯನ್ನು ನೆನೆಯೋಣ. ಬಳೆ ಮಾಡಿಸಿದವರು ಬಿಲ್ಲಿನ ಮೊತ್ತವನ್ನು ನೋಡಿ 'ಅಕ್ಕಸಾಲಿಗ ಇಷ್ಟು ಹಣ ಸಂಪಾದಿಸಿದನು' ಎಂದು ಹೇಳುವುದಿಲ್ಲ. ಅದರಲ್ಲಿ ಚಿನ್ನದ ಬೆಲೆ ಎಷ್ಟು, ಮಜೂರಿ ಎಷ್ಟು ಎಂದು ಬಿಡಿಸಿ ನೋಡುತ್ತಾರೆ. ಮುಪ್ಪಿನಲ್ಲಿ ಅಕ್ಷಿಪಟಲವನ್ನು ಕೆಡಿಸುವ ಒಂದು ವ್ಯಾಧಿಗೆ ಕಣ್ಣಿನೊಳಕ್ಕೆ ಚುಚ್ಚುವ ಲೂಸೆಂಟಿಸ್ ಎಂಬ ಔಷಧದ ಒಂದು ಮಾತ್ರೆ ಪ್ರಮಾಣಕ್ಕೆ ಆಗ ಸುಮಾರು ೨,೦೦೦ ಡಾಲರು ಬೆಲೆಯಿತ್ತು. ವೈದ್ಯರು ಅದನ್ನು ತಾವೇ ಕೊಂಡು, ರೋಗಿಗೆ ಚುಚ್ಚಿ, ಅನಂತರ ಮೆಡಿಕೇರಿನಿಂದ ಹಣ ಪಡೆಯುತ್ತಾರೆ. ಲೆಕ್ಕದಲ್ಲಿ ಅದೆಲ್ಲವೂ ವೈದ್ಯರ ಹೆಸರಿನಲ್ಲಿಯೇ ಬೀಳುವುದಾದರೂ ಬಹುಪಾಲು ಹಣ ಔಷಧ ಕಂಪನಿಗೆ ಸೇರತಕ್ಕದ್ದು. ಇಲ್ಲಿಯವರೆಗೆ ವೈದ್ಯರು ನಿರ್ದೋಷಿಗಳು. ಆದರೆ ಇದೇ ವ್ಯಾಧಿಗೆ ಅವಾಸ್ಟಿನ್ ಎಂಬ ಇನ್ನೊಂದು ಔಷಧವೂ ಉಂಟು. ಅದರ ಬೆಲೆ ಸುಮಾರು ೫೦ ಡಾಲರು. ಎರಡರ ಫಲವೂ ದೃಷ್ಟಿಯ ಮಟ್ಟಿಗೆ ಸಮಾನವೆಂದು ೨೦೧೧ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಿಂದ ಕಂಡುಬಂತು. ಔಷಧದ ಸರಾಸರಿ ಬೆಲೆಯ ಮೇಲೆ ಶೇಕಡ ೬ರಷ್ಟನ್ನು ಸೇರಿಸಿ ವೈದ್ಯರಿಗೆ ಕೊಡುವುದು ಮೆಡಿಕೇರಿನ ನಿಯಮ. ಐವತ್ತರ ಮೇಲೆ ಶೇಕಡ ಆರೆಂದರೆ ೩ ಡಾಲರು. ಎರಡು ಸಾವಿರದ ಮೇಲೆ ೧೨೦. ಈಗ ಅದೇ ಮೊತ್ತ ಬೇರೊಂದು ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ: ಈ ವೈದ್ಯರು ಸದಾ ದುಬಾರಿ ಔಷಧವನ್ನೇ ಆರಿಸಿದುದೇಕೆ? ರೋಗಿಯ ಹಿತಕ್ಕಾಗಿ ಆರಿಸಿದ್ದೂ ಇರಬಹುದು. ಲೆಕ್ಕದ ಪುಸ್ತಕವು ಪ್ರಶ್ನೆಯನ್ನು ಎತ್ತಬಲ್ಲುದು, ಅಷ್ಟೆ.

ಆ ತುದಿಯ ಹೆಸರಿನ ಕಥೆ ಏನಾಯಿತೆಂಬ ಕುತೂಹಲ ವಾಚಕರಿಗೆ ಇದ್ದೇ ಇರುತ್ತದೆ. ಇಲ್ಲದ ಕಣ್ಣಿನ ರೋಗವನ್ನು ಇದೆಯೆಂದು ಬರೆದು ಬೇಡದ ಪರೀಕ್ಷೆ, ಚಿಕಿತ್ಸೆಗಳಿಗೆ ಹಣ ಪಡೆದರೆಂದು ೨೦೧೭ರಲ್ಲಿ ನ್ಯಾಯಾಲಯವು ಆ ವೈದ್ಯರನ್ನು ಅಪರಾಧಿಯೆಂದು ಸಾರಿತು. ಮರುವರ್ಷ ೧೭ ವರ್ಷಗಳ ಸೆರೆ ವಿಧಿಸಲಾಯಿತು. ಉಳಿದ ಶಿಕ್ಷೆಯನ್ನು ೨೦೨೧ರಲ್ಲಿ ಅಧ್ಯಕ್ಷರು ಮನ್ನಾ ಮಾಡಿದರು. ಹಾಗಾದರೆ ಪುಸ್ತಕವು ಕಳ್ಳನನ್ನು ತೋರಿಸಿಕೊಟ್ಟಿತಲ್ಲವೇ ಎನ್ನಬಹುದು. ಸ್ವಲ್ಪ ತಾಳಬೇಕು. ಅದೇ ವರ್ಷದ ಅದೇ ಪಟ್ಟಿಯ ಮೇಲ್ಭಾಗದಲ್ಲಿ ಮಿನ್ನೆಸೋಟದ ಮೇಯೊ ಕ್ಲಿನಿಕ್ ಎಂಬ ಹೆಸರಾಂತ ಆಸ್ಪತ್ರೆಯ ಒಬ್ಬ ವೈದ್ಯರೂ ಇದ್ದರು. ಅವರ ಹೆಸರಿನ ಮುಂದೆ ೧ ಕೋಟಿ ೧೦ ಲಕ್ಷ ಡಾಲರುಗಳಿಗೂ ಮಿಕ್ಕ ಮೊತ್ತ. ಅವರು ಮಾಡಿದ ಅಪರಾಧವೇನು? ಆಸ್ಪತ್ರೆಯ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದುದು! ಅಲ್ಲಿ ನಡೆದ ಪರೀಕ್ಷೆಗಳ ಬಿಲ್ಲುಗಳು ಅವರ ಹೆಸರಿನಲ್ಲಿ ಹೋಗುತ್ತಿದ್ದುವು. ಹಣ ಸೇರುತ್ತಿದ್ದುದು ಆಸ್ಪತ್ರೆಗೆ. ಅಲ್ಲಿನ ವೈದ್ಯರಿಗೆ ಸಿಕ್ಕುವುದು ಗೊತ್ತುಪಡಿಸಿದ ಸಂಬಳ. ಒಬ್ಬರು ಅಪರಾಧಿ, ಒಬ್ಬರು ನಿರಪರಾಧಿ. ಮೊತ್ತದ ಸಾಲನ್ನು ಮಾತ್ರ ಓದಿದವರಿಗೆ ಇಬ್ಬರೂ ಒಂದೇ.

ಒಂದು ಹೆಸರಿನ ಹಿಂದೆ ಹಲವು ಕೈಗಳಿರುವಂತೆಯೇ, ಒಂದು ಕೈ ಮಾಡಿದ ಕೆಲಸವೆಲ್ಲ ಪುಸ್ತಕದಲ್ಲಿ ಕಾಣುವುದೂ ಇಲ್ಲ. ಖಾಸಗಿ ವಿಮೆಯ ತರುಣ ರೋಗಿಗಳು ಇದರಲ್ಲಿಲ್ಲ. ಮೆಡಿಕೇರಿಗೆ ಸೇರಿದ ವೃದ್ಧರಲ್ಲಿಯೂ ಸರ್ಕಾರದ ಪರವಾಗಿ ಖಾಸಗಿ ಕಂಪನಿಗಳು ನಡೆಸುವ ಯೋಜನೆಗಳಲ್ಲಿರುವವರ ಲೆಕ್ಕ ಇದರಲ್ಲಿ ಬರುವುದಿಲ್ಲ; ಅಂಥವರ ಸಂಖ್ಯೆ ೨೦೨೩ರ ವೇಳೆಗೆ ಅರ್ಧವನ್ನು ಮೀರಿದೆ. ರೋಗಿಗಳ ಗುಟ್ಟು ಹೊರಬೀಳದಿರಲೆಂದು, ಒಬ್ಬ ವೈದ್ಯರು ಹತ್ತು ಅಥವಾ ಅದಕ್ಕೂ ಕಡಮೆ ರೋಗಿಗಳಿಗೆ ಮಾಡಿದ ಚಿಕಿತ್ಸೆಯ ಸಾಲನ್ನು ಅಳಿಸಿಯೇ ಪ್ರಕಟಿಸುತ್ತಾರೆ. ಆದುದರಿಂದ ಪುಸ್ತಕದಲ್ಲಿ ಇಲ್ಲದುದು ಸೊನ್ನೆ ಎಂದಾಗದು.

ಇಷ್ಟೆಲ್ಲ ಕುಂದುಗಳಿದ್ದರೆ ಇದರಿಂದ ಪ್ರಯೋಜನವೇನು? ಪ್ರಯೋಜನ ಉಂಟು. ಆದರೆ ಅದು ಡಾಲರುಗಳ ಕಂಬಸಾಲಿನಲ್ಲಿಲ್ಲ, 'ಎಷ್ಟು ಸಲ' ಎಂಬ ಕಂಬಸಾಲಿನಲ್ಲಿದೆ. ವಿಚಿತ್ರವೆಂದರೆ, ಹೆಸರುಗಳಿಗೆ ತಡೆ ಬಿದ್ದ ೧೯೭೯ರಲ್ಲಿಯೇ ಲಫ್ಟ್, ಬಂಕರ್, ಎಂಥೊವೆನ್ ಎಂಬ ಮೂವರು ಸಂಶೋಧಕರು ೧,೪೯೮ ಆಸ್ಪತ್ರೆಗಳ ಹನ್ನೆರಡು ಬಗೆಯ ಶಸ್ತ್ರಕ್ರಿಯೆಗಳನ್ನು ಹೋಲಿಸಿ ನೋಡಿದ್ದರು. ಹೃದಯವನ್ನು ತೆರೆದು ಮಾಡುವ ಶಸ್ತ್ರಕ್ರಿಯೆಯಂಥ ಕಠಿಣ ಕೆಲಸಗಳಲ್ಲಿ, ವರ್ಷಕ್ಕೆ ೨೦೦ ಅಥವಾ ಹೆಚ್ಚು ಮಾಡುವ ಆಸ್ಪತ್ರೆಗಳ ಮರಣಪ್ರಮಾಣವು ಉಳಿದುವಕ್ಕಿಂತ ಶೇಕಡ ೨೫ರಿಂದ ೪೧ರಷ್ಟು ಕಡಮೆಯಿತ್ತು. ಸೊಂಟದ ಕೀಲನ್ನು ಬದಲಿಸುವುದರಲ್ಲಿ ೫೦ರಿಂದ ೧೦೦ ಮಾಡಿದವರೂ ೨೦೦ ಮಾಡಿದವರಿಗೆ ಬಹುಮಟ್ಟಿಗೆ ಸಮನಾಗಿದ್ದರು. ಪಿತ್ತಕೋಶವನ್ನು ತೆಗೆಯುವ ಶಸ್ತ್ರಕ್ರಿಯೆಯಲ್ಲಿ ಸಂಖ್ಯೆಗೂ ಸಾವಿಗೂ ಸಂಬಂಧವೇ ಕಾಣಲಿಲ್ಲ. ಅಭ್ಯಾಸದಿಂದ ಕೈ ಪಳಗುತ್ತದೆ. ಆದರೆ ಎಷ್ಟು ಅಭ್ಯಾಸ ಬೇಕೆಂಬುದು ಕೆಲಸದಿಂದ ಕೆಲಸಕ್ಕೆ ಬೇರೆ. ಒಹಾಯೊ ಪ್ರಾಂತದ ಅರುವತ್ತೆಂಟು ವರ್ಷದ ವೃದ್ಧೆಯೊಬ್ಬರಿಗೆ ಮೊಣಕಾಲಿನ ಶಸ್ತ್ರಕ್ರಿಯೆ ಆಗಬೇಕಾಗಿದೆಯೆಂದು ಊಹಿಸೋಣ. ಆಕೆ ೨೭೪೪೭ರ ಸಾಲನ್ನು ಹುಡುಕಿ, ತನ್ನ ಊರಿನ ಇಬ್ಬರು ಶಸ್ತ್ರವೈದ್ಯರಲ್ಲಿ ಒಬ್ಬರು ವರ್ಷಕ್ಕೆ ೧೫೦ ಮಾಡಿದ್ದಾರೆ, ಇನ್ನೊಬ್ಬರು ೧೨ ಮಾಡಿದ್ದಾರೆ ಎಂದು ಕಂಡುಕೊಂಡರೆ, ಅದು ನೆರೆಯವರ ಮಾತಿಗಿಂತ ಎಷ್ಟೋ ಗಟ್ಟಿಯಾದ ತಿಳಿವಳಿಕೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಿಲ್ಲುಗಳಿಂದಲೇ ಕೈಗುಣವನ್ನು ಅಳೆಯುವ ಸಾಹಸವೂ ನಡೆದಿದೆ. ಪ್ರೋಪಬ್ಲಿಕ ಎಂಬ ವಾರ್ತಾಸಂಸ್ಥೆಯು ೨೦೦೯ರಿಂದ ೨೦೧೩ರವರೆಗಿನ ಮೆಡಿಕೇರ್ ಬಿಲ್ಲುಗಳನ್ನು ಶೋಧಿಸಿ, ಎಂಟು ಬಗೆಯ ಶಸ್ತ್ರಕ್ರಿಯೆಗಳಲ್ಲಿ ಸುಮಾರು ೧೭,೦೦೦ ಶಸ್ತ್ರವೈದ್ಯರ ತೊಡಕಿನ ಪ್ರಮಾಣವನ್ನು ೨೦೧೫ರಲ್ಲಿ ಪ್ರಕಟಿಸಿತು. ರೋಗಿ ಆಸ್ಪತ್ರೆಯಲ್ಲಿ ಸತ್ತರೆ, ಇಲ್ಲವೆ ಮೂವತ್ತು ದಿನದೊಳಗೆ ಶಸ್ತ್ರಕ್ರಿಯೆಯ ತೊಡಕಿನಿಂದ ಮರಳಿ ಸೇರಿದರೆ ಅದೊಂದು ತೊಡಕು. ಈ ಎಣಿಕೆ ವೈದ್ಯಲೋಕದಲ್ಲಿ ದೊಡ್ಡ ವಾದವನ್ನೆಬ್ಬಿಸಿತು. ವಾದದ ತಿರುಳನ್ನು ಕಾಲೇಜಿನ ಗಣಿತದಿಂದಲೇ ತಿಳಿಯಬಹುದು. ನೂರು ಮಂದಿ ಶಸ್ತ್ರವೈದ್ಯರು ಎಲ್ಲರೂ ಸಮಾನ ಕುಶಲರೆಂದೂ, ಪ್ರತಿ ಶಸ್ತ್ರಕ್ರಿಯೆಯಲ್ಲಿ ತೊಡಕಿನ ಸಂಭಾವ್ಯತೆ ನೂರಕ್ಕೆ ೩ ಎಂದೂ, ಒಬ್ಬೊಬ್ಬರೂ ೫೦ ಶಸ್ತ್ರಕ್ರಿಯೆ ಮಾಡಿದರೆಂದೂ ಇಟ್ಟುಕೊಳ್ಳಿರಿ. ಒಂದೂ ತೊಡಕು ಬಾರದಿರುವ ಸಂಭಾವ್ಯತೆ ೦.೯೭ನ್ನು ಐವತ್ತು ಸಲ ಗುಣಿಸಿದಷ್ಟು, ಎಂದರೆ ೦.೨೨. ನೂರರಲ್ಲಿ ಸುಮಾರು ೨೨ ಮಂದಿ ಒಂದು ಕಪ್ಪುಚುಕ್ಕೆಯೂ ಇಲ್ಲದೆ ಹೊರಬರುವರು. ಸುಮಾರು ಆರು ಮಂದಿಯ ಹೆಸರಿನಲ್ಲಿ ನಾಲ್ಕು ಅಥವಾ ಹೆಚ್ಚು ತೊಡಕುಗಳು ಬೀಳುವುವು. ಪಟ್ಟಿ ನೋಡಿದವರು ಮೊದಲಿನವರನ್ನು ಧನ್ವಂತರಿಗಳೆಂದೂ, ಕೊನೆಯವರನ್ನು ಯಮಧರ್ಮನ ಬಂಟರೆಂದೂ ಕರೆದಾರು. ಕೈಗುಣ ಎಲ್ಲರದೂ ಒಂದೇ.

ಛೇದದ ಆಯ್ಕೆಯೂ ಎಚ್ಚರಿಕೆಯನ್ನು ಬೇಡುತ್ತದೆ. ಫ್ಲಾರೆನ್ಸ್ ನೈಟಿಂಗೇಲಳಂಥ ಅಂಕಿ-ಅಂಶ ಬಲ್ಲ ಮಹಿಳೆಯೂ ಇಲ್ಲಿ ಎಡವಿದಳು. ಲಂಡನ್ನಿನ ೨೪ ಆಸ್ಪತ್ರೆಗಳಲ್ಲಿ ೧೮೬೧ರ ಮರಣಪ್ರಮಾಣ ನೂರಕ್ಕೆ ೯೦.೮೪ ಎಂಬ ಭಯಂಕರ ಅಂಕಿ ೧೮೬೩ರ ಅವಳ ಪುಸ್ತಕದಲ್ಲಿದೆ. ವರ್ಷವಿಡೀ ಸತ್ತವರನ್ನು, ಒಂದು ಗೊತ್ತಾದ ದಿನ ಆಸ್ಪತ್ರೆಯಲ್ಲಿದ್ದವರ ಸಂಖ್ಯೆಯಿಂದ ಭಾಗಿಸಿದುದರಿಂದ ಬಂದ ಫಲವಿದು. ನೂರು ಹಾಸಿಗೆಗಳಲ್ಲಿ ತಿಂಗಳಿಗೊಮ್ಮೆ ರೋಗಿಗಳು ಬದಲಾದರೆ ವರ್ಷಕ್ಕೆ ೧,೨೦೦ ರೋಗಿಗಳಾದರು. ಅವರಲ್ಲಿ ೯೦ ಸಾವೆಂದರೆ ನೂರಕ್ಕೆ ಏಳೂವರೆ ಮಾತ್ರ.

ಇನ್ನು ರೋಗಿಗಳೂ ಒಂದೇ ಸಮನಾಗಿರುವುದಿಲ್ಲ. ಕಷ್ಟದ ರೋಗಿಗಳೆಲ್ಲ ನುರಿತವರ ಬಳಿಗೇ ಬರುತ್ತಾರೆ. ಸಕ್ಕರೆ ಕಾಯಿಲೆ ಇದೆಯೆಂದು ಬಿಲ್ಲು ಹೇಳೀತು. ಹೃದಯ ಎಷ್ಟು ಕುಗ್ಗಿದೆ, ರೋಗಿ ಎಷ್ಟು ಬಡಕಲಾಗಿದ್ದಾನೆ ಎಂಬುದನ್ನು ಹೇಳದು. ಈ ಕಾರಣದಿಂದಲೇ ನ್ಯೂಯಾರ್ಕ್ ಪ್ರಾಂತದವರು ೧೯೮೯ರಿಂದ ಹೃದಯದ ಶಸ್ತ್ರಕ್ರಿಯೆಯ ಪ್ರತಿಯೊಬ್ಬ ರೋಗಿಯ ಸ್ಥಿತಿಯನ್ನೂ ಆಸ್ಪತ್ರೆಯ ಕಡತಗಳಿಂದ ಪ್ರತ್ಯೇಕವಾಗಿ ಸಂಗ್ರಹಿಸಿ, ಅದಕ್ಕೆ ತಕ್ಕಂತೆ ಮರಣಪ್ರಮಾಣವನ್ನು ತಿದ್ದತೊಡಗಿದರು. ೧೯೯೧ರಲ್ಲಿ, ಪತ್ರಿಕೆಯೊಂದು ನ್ಯಾಯಾಲಯಕ್ಕೆ ಹೋದ ಮೇಲೆ, ಒಬ್ಬೊಬ್ಬ ಶಸ್ತ್ರವೈದ್ಯರ ಪ್ರಮಾಣವೂ ಬಹಿರಂಗವಾಯಿತು. ಪಟ್ಟಿಗೆ ಅಂಜಿ ಕೆಲವರು ತೀರ ಕ್ಷೀಣರಾದ ರೋಗಿಗಳನ್ನು ಮುಟ್ಟಲು ಹಿಂಜರಿದರೆಂಬ ದೂರೂ ಅದರ ಬೆನ್ನಿಗೇ ಬಂತು.

ನಮ್ಮ ಒಹಾಯೊದ ವೃದ್ಧೆ ಈಗ ಪುಸ್ತಕವನ್ನು ಮುಚ್ಚಿ, ೧೫೦ ಶಸ್ತ್ರಕ್ರಿಯೆಯ ವೈದ್ಯರ ಕೋಣೆಗೆ ಹೋಗಬಹುದು. ಅವೆಲ್ಲವನ್ನೂ ತಾವೇ ಮಾಡಿದಿರೋ, ನಿಮ್ಮ ಹೆಸರಿನಲ್ಲಿ ಬೇರೆಯವರೂ ಮಾಡಿದರೋ? ಯಾವ ಆಸ್ಪತ್ರೆಯಲ್ಲಿ? ನನ್ನಂತೆ ಸಕ್ಕರೆ ಕಾಯಿಲೆ ಇದ್ದವರಲ್ಲಿ ಎಷ್ಟು ಮಂದಿಗೆ ಗಾಯ ಕೀವುಗಟ್ಟಿತು? ಮೊದಲಿನ ಎರಡು ಪ್ರಶ್ನೆಗಳಿಗೆ ವೈದ್ಯರು ಕುಳಿತಲ್ಲಿಯೇ ಉತ್ತರ ಹೇಳಬಲ್ಲರು. ಮೂರನೆಯದಕ್ಕೆ ಅವರು ಎದ್ದು ಹೋಗಿ ತಮ್ಮ ಕಡತವನ್ನೇ ತೆರೆದು ನೋಡಬೇಕಾದೀತು; ಆ ಅಂಕಿ ಸರ್ಕಾರದ ಪುಸ್ತಕದಲ್ಲಿ ಇಲ್ಲ.