‘ಎರಡು’ ಎಲ್ಲಿದೆ? ದ್ವಿಲೈಂಗಿಕತೆಯ ಕನ್ನಡ ಪರಿಭಾಷೆ ಮತ್ತು ವಾಕ್ಯರಚನೆ: ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಕ್ಷೇತ್ರಕಾರ್ಯವನ್ನು ಕುರಿತು

ಸಾರಾಂಶ

ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಆಕರ್ಷಣೆಯುಳ್ಳವರನ್ನು ಹೆಸರಿಸಲು ಕನ್ನಡದಲ್ಲಿ ಬಳಕೆಯಲ್ಲಿರುವ ಪದಗಳು ‘ಎರಡು’ ಎಂಬ ಅರ್ಥವನ್ನು ಬೇರೆ ಬೇರೆ ನೆಲೆಗಳಲ್ಲಿ ಇರಿಸುತ್ತವೆ: ಕೆಲವು ದೇಹದಲ್ಲಿ, ಕೆಲವು ಕ್ರಿಯೆಯಲ್ಲಿ, ಕೆಲವು ಪಾತ್ರದಲ್ಲಿ. ಒಲವಿನ ನೆಲೆಯಲ್ಲಿ ಅದನ್ನು ಸರಿಯಾಗಿ ಇರಿಸಬಲ್ಲದ್ದು ನಾಮಪದಕ್ಕಿಂತ ಹೆಚ್ಚಾಗಿ ವಾಕ್ಯ ಎಂದು ಈ ಲೇಖನ ವಾದಿಸುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಕನ್ನಡದಲ್ಲಿ ಪ್ರಶ್ನಾವಳಿ ರೂಪಿಸುವವರಿಗೆ ಇದರಿಂದ ಒದಗುವ ಸೂಚನೆಗಳನ್ನು ಕೊನೆಯಲ್ಲಿ ನೀಡಲಾಗಿದೆ.

ಕೀಲಿಪದಗಳು: ದ್ವಿಲೈಂಗಿಕತೆ, ಸಮಾಸ, ಲಿಂಗಾನ್ವಯ, ವಾಚ್ಯಲಿಂಗ, ಚತುರ್ಥೀ ಕರ್ತೃ

1. ಪೀಠಿಕೆ

ಭಾರತೀಯ ದಂಡಸಂಹಿತೆಯ 377ನೆಯ ಕಲಮಿನ ವ್ಯಾಪ್ತಿಯಿಂದ ವಯಸ್ಕರ ಸಮ್ಮತ ಸಂಬಂಧಗಳನ್ನು ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹೊರತಂದಿತು. ಆ ಬಳಿಕ ಸಲಿಂಗ ಸಂಬಂಧ ಮತ್ತು ಲಿಂಗತ್ವವನ್ನು ಕುರಿತ ಕನ್ನಡ ಬರವಣಿಗೆ ಹೆಚ್ಚಿದೆ. ಆದರೆ ಪರಿಭಾಷೆ ಎಲ್ಲ ಗುಂಪುಗಳಿಗೂ ಸಮನಾಗಿ ಬೆಳೆದಿಲ್ಲ. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ನುಡಿಗಟ್ಟು ರಚನೆಯ ದೃಷ್ಟಿಯಿಂದ ಲಿಂಗತ್ವದ ಗುರುತನ್ನು ಮಾತ್ರ ಸೂಚಿಸುತ್ತದೆ. ಬಳಕೆಯಲ್ಲಿ ಹಲವೊಮ್ಮೆ ಲೈಂಗಿಕ ಒಲವಿನ ಎಲ್ಲ ಗುಂಪುಗಳನ್ನೂ ಒಳಗೊಳ್ಳುತ್ತದೆ. ಈ ಹಿಗ್ಗುವಿಕೆಯಲ್ಲಿ ಮೊದಲು ಮರೆಯಾಗುವವರು ದ್ವಿಲೈಂಗಿಕರು.

ಇದಕ್ಕೆ ವ್ಯಾಕರಣದ ಕಾರಣವೂ ಇದೆ. 2015ರ ಚಲನಚಿತ್ರ ‘ನಾನು ಅವನಲ್ಲ... ಅವಳು’ ತನ್ನ ಶೀರ್ಷಿಕೆಯಲ್ಲೇ ಲಿಂಗತ್ವದ ಗುರುತನ್ನು ಸರ್ವನಾಮದ ಆಯ್ಕೆಯಾಗಿ ಮಂಡಿಸುತ್ತದೆ. ವ್ಯಕ್ತಿಯ ಲಿಂಗತ್ವ ಬದಲಾದರೆ ಸರ್ವನಾಮ ಬದಲಾಗುತ್ತದೆ, ಕ್ರಿಯಾಪದವೂ ಬದಲಾಗುತ್ತದೆ. ದ್ವಿಲೈಂಗಿಕ ವ್ಯಕ್ತಿಯ ವಿಷಯದಲ್ಲಿ ಇಂಥ ಯಾವ ಗುರುತೂ ಇಲ್ಲ. ಅವಳು ಅವಳೇ, ಅವನು ಅವನೇ. ಲಿಂಗಾನ್ವಯದಲ್ಲಿ ಒಲವಿನ ಸುಳಿವು ಸಿಗುವುದಿಲ್ಲ.

ಇಲ್ಲಿನ ಉದಾಹರಣೆಗಳು ವಿವರಣೆಗಾಗಿ ರಚಿಸಿದವು. ಚರ್ಚೆ ಈ ತಾಲ್ಲೂಕುಗಳ ಕನ್ನಡಕ್ಕೆ ಸೀಮಿತ. ಜೇನುಕುರುಬ ಮತ್ತು ಬೆಟ್ಟಕುರುಬ ನುಡಿಗಳಿಗಾಗಲಿ ಬೈಲಕುಪ್ಪೆಯ ಟಿಬೆಟನ್ ಮಾತುಗಾರರಿಗಾಗಲಿ ಇದನ್ನು ಹಾಗೆಯೇ ಅನ್ವಯಿಸಲಾಗದು.

2. ಸಮಾಸದೊಳಗಿನ ‘ಎರಡು’

‘ದ್ವಿಲಿಂಗಿ’, ‘ದ್ವಿಲಿಂಗಕಾಮಿ’, ‘ಉಭಯಲಿಂಗಕಾಮಿ’, ‘ದ್ವಿಲೈಂಗಿಕ’ ಎಂಬ ಪದಗಳನ್ನು ಸಮಾನಾರ್ಥಕಗಳೆಂದು ಬಳಸುವುದುಂಟು. ಆದರೆ ಇವುಗಳ ವಿಗ್ರಹವಾಕ್ಯಗಳು ಒಂದೇ ಅಲ್ಲ. ‘ದ್ವಿಲಿಂಗಕಾಮಿ’ ಎಂದರೆ ಎರಡು ಲಿಂಗಗಳನ್ನು ಬಯಸುವ ವ್ಯಕ್ತಿ. ಇಲ್ಲಿ ‘ಎರಡು’ ಬಯಕೆಯ ವಿಷಯಕ್ಕೆ ಸೇರಿದೆ. ‘ದ್ವಿಲಿಂಗಿ’ ಎಂದರೆ ಎರಡು ಲಿಂಗಗಳನ್ನು ಉಳ್ಳದ್ದು. ಇಲ್ಲಿ ‘ಎರಡು’ ವ್ಯಕ್ತಿಯ ದೇಹಕ್ಕೆ ಸೇರಿದೆ. ಶಾಲೆಯ ಜೀವಶಾಸ್ತ್ರದಲ್ಲಿ ಎರೆಹುಳು ದ್ವಿಲಿಂಗಿ. ಕೇಸರ ಮತ್ತು ಶಲಾಕೆ ಎರಡೂ ಇರುವ ಹೂವು ದ್ವಿಲಿಂಗಿ. ಈ ಅರ್ಥವನ್ನು ಪ್ರೌಢಶಾಲೆಯಲ್ಲೇ ಕಲಿತ ಓದುಗರು ಪತ್ರಿಕೆಯಲ್ಲಿ ‘ದ್ವಿಲಿಂಗಿ ಮಹಿಳೆ’ ಎಂಬುದನ್ನು ಕಂಡರೆ ಅಂತರಲಿಂಗಿ ವ್ಯಕ್ತಿಯನ್ನು ಊಹಿಸಿಕೊಳ್ಳುವುದು ಸಹಜ. ದೋಷ ಓದುಗರದಲ್ಲ, ಪದದ್ದು.

ಈ ಪದ ನೆಲೆಯೂರಲು ಸಾದೃಶ್ಯವೇ ಕಾರಣವೆಂದು ತೋರುತ್ತದೆ. ‘ಸಲಿಂಗಕಾಮಿ’ ಎಂಬುದು ‘ಸಲಿಂಗಿ’ ಎಂದು ಸಂಕ್ಷಿಪ್ತವಾದಾಗ ಅರ್ಥ ಕೆಡಲಿಲ್ಲ. ಅಲ್ಲಿನ ‘ಸ’ ಸಂಬಂಧವಾಚಿ. ‘ಸಮಾನ’ ಎಂದೊಡನೆ ಯಾರಿಗೆ ಸಮಾನ ಎಂಬ ಪ್ರಶ್ನೆ ಏಳುತ್ತದೆ, ಇನ್ನೊಬ್ಬ ವ್ಯಕ್ತಿ ಪದದೊಳಗೇ ಬಂದುಬಿಡುತ್ತಾನೆ. ‘ದ್ವಿ’ ಸಂಖ್ಯಾವಾಚಿ, ಅದಕ್ಕೆ ಇನ್ನೊಬ್ಬರ ಅಗತ್ಯವಿಲ್ಲ. ಆದ್ದರಿಂದ ‘ಕಾಮಿ’ ಕಳಚಿದೊಡನೆ ಎರಡು ಎಂಬುದು ಬಯಕೆಯನ್ನು ಬಿಟ್ಟು ಬಯಸುವವರ ಮೈಗೆ ಅಂಟಿಕೊಳ್ಳುತ್ತದೆ. ಒಂದೇ ಬಗೆಯ ಸಂಕ್ಷೇಪ ಒಂದು ಪದದಲ್ಲಿ ನಿರಪಾಯ, ಇನ್ನೊಂದರಲ್ಲಿ ಅರ್ಥಪಲ್ಲಟ.

‘ದ್ವಿಲಿಂಗಕಾಮಿ’ ರಚನೆಯಲ್ಲಿ ಸರಿಯಾದರೂ ಬಿಡಿಪದವಾಗಿ ‘ಕಾಮಿ’ ಬೈಗುಳಕ್ಕೆ ಹತ್ತಿರ. ಅದು ಒಲವನ್ನೂ ಒಡನಾಟವನ್ನೂ ದೇಹದ ತೃಷೆಗೆ ಇಳಿಸುತ್ತದೆ. ‘ಲೈಂಗಿಕತೆ’ ಎಂಬ ಪದ ಇಂದು ವ್ಯಕ್ತಿಯ ಒಲವನ್ನೂ ಒಳಗೊಳ್ಳುವುದರಿಂದ ‘ದ್ವಿಲೈಂಗಿಕ’ ಇವುಗಳಲ್ಲಿ ಕಡಿಮೆ ದೋಷದ್ದು. ಈ ಲೇಖನದಲ್ಲಿ ಅದನ್ನೇ ಬಳಸಿದೆ.

3. ಪಾತ್ರ ಮತ್ತು ಕ್ರಿಯೆ

ಸಂಸ್ಕೃತಜನ್ಯ ಪದಗಳ ಆಚೆಗೆ ಇನ್ನೆರಡು ಪದಸಮೂಹಗಳಿವೆ. ಮೊದಲನೆಯದು ಸಮುದಾಯದೊಳಗಿನದು: ಕೋಥಿ, ಪಂತಿ, ಡಬಲ್ ಡೆಕ್ಕರ್. ‘ಡಬಲ್ ಡೆಕ್ಕರ್’ ದ್ವಿಲೈಂಗಿಕರ ದೇಸಿ ಹೆಸರೆಂದು ತೋರಬಹುದು. ವಾಸ್ತವವಾಗಿ ಅದು ಗಂಡಸರ ನಡುವಿನ ಸಂಬಂಧದಲ್ಲಿ ಎರಡೂ ಪಾತ್ರ ವಹಿಸುವವರನ್ನು ಸೂಚಿಸುತ್ತದೆ. ಇಲ್ಲಿನ ‘ಎರಡು’ ಪಾತ್ರಗಳ ಎಣಿಕೆ. ಪಂತಿ ಎನಿಸಿಕೊಂಡವರಲ್ಲಿ ವಿವಾಹಿತರಿರಬಹುದು, ಆದರೆ ಆ ಪದ ಅವರ ಒಲವನ್ನು ಹೇಳುವುದಿಲ್ಲ.

ಎರಡನೆಯದು ಎಚ್‌ಐವಿ ತಡೆ ಕಾರ್ಯಕ್ರಮಗಳದು. ಅಲ್ಲಿನ ವರ್ಗ ‘ಪುರುಷರೊಂದಿಗೆ ಲೈಂಗಿಕ ಸಂಪರ್ಕ ಹೊಂದುವ ಪುರುಷರು’. ಮೈಸೂರಿನ ಆಶೋದಯ ಸಮಿತಿಯಂಥ ಸಂಘಟನೆಗಳ ಆರೋಗ್ಯ ಕಾರ್ಯಕ್ಕೆ ಇಂಥ ಕ್ರಿಯಾಧಾರಿತ ವರ್ಗ ಅಗತ್ಯ; ಸೋಂಕು ಹರಡುವುದು ಸಂಪರ್ಕದಿಂದ, ಗುರುತಿನಿಂದಲ್ಲ. ಗುರುತಿನ ಅಧ್ಯಯನಕ್ಕೆ ಅದೇ ವರ್ಗವನ್ನು ಎರವಲು ತಂದಾಗ ತೊಡಕು ಹುಟ್ಟುತ್ತದೆ. ಈ ಎರಡೂ ಪದಸಮೂಹಗಳಲ್ಲಿ ಹೆಂಗಸರಿಗೆ ಸ್ಥಾನವೇ ಇಲ್ಲ ಎಂಬುದು ಇನ್ನೂ ದೊಡ್ಡ ಕೊರತೆ. ಹೆಣ್ಣನ್ನೂ ಗಂಡನ್ನೂ ಒಲಿದ ಹೆಂಗಸಿನ ಎದುರಿಗಿರುವುದು ಪಠ್ಯಪುಸ್ತಕದ ಎರೆಹುಳುವಿನ ಪದ, ಇಲ್ಲವೇ ಇಂಗ್ಲಿಷಿನಿಂದ ಬಂದ ‘ಬೈಸೆಕ್ಷುಯಲ್’.

4. ವಾಕ್ಯದಲ್ಲಿ ಕಾಣುವುದು, ಕಾಣದ್ದು

(1) ರವಿ ಗೀತಳನ್ನು ಮದುವೆಯಾದ.
(2) ರವಿ ಸೋಮನನ್ನು ಪ್ರೀತಿಸಿದ್ದ.

ಮೊದಲ ವಾಕ್ಯವನ್ನು ಮಾತ್ರ ಕೇಳಿದವರು ರವಿಯನ್ನು ಒಂದು ವರ್ಗಕ್ಕೆ, ಎರಡನೆಯದನ್ನು ಮಾತ್ರ ಕೇಳಿದವರು ಇನ್ನೊಂದಕ್ಕೆ ಸೇರಿಸುತ್ತಾರೆ. ಎರಡನ್ನೂ ಕೇಳಿದವರೂ ನಿರ್ಧರಿಸಲಾರರು, ಏಕೆಂದರೆ ಮದುವೆ ಒಲವಿನಿಂದಲೇ ಆಗಬೇಕೆಂದಿಲ್ಲ. ವಸುಧೇಂದ್ರರ ‘ಮೋಹನಸ್ವಾಮಿ’ (2013) ಸಂಕಲನದಲ್ಲಿ ಮೋಹನಸ್ವಾಮಿಯ ಸಂಗಾತಿ ಕಾರ್ತಿಕ್ ಅವನನ್ನು ತೊರೆದು ಹೆಣ್ಣನ್ನು ಮದುವೆಯಾಗುತ್ತಾನೆ. ಆ ಮದುವೆಯೊಂದರಿಂದಲೇ ಕಾರ್ತಿಕನ ಒಲವು ಎಂಥದೆಂದು ತೀರ್ಮಾನಿಸಲಾಗದು. ಘಟನಾವಾಚಕ ವಾಕ್ಯಗಳು ಒಂದು ಸಂಬಂಧವನ್ನು ದಾಖಲಿಸುತ್ತವೆ. ದ್ವಿಲೈಂಗಿಕತೆ ಘಟನೆಯಲ್ಲ, ಸ್ವಭಾವ. ಎರಡು ಒಲವುಗಳು ಒಂದೇ ಕಾಲದಲ್ಲಿ, ಒಂದೇ ಪ್ರಮಾಣದಲ್ಲಿ ಇರಬೇಕೆಂಬ ನಿಯಮವೂ ಇಲ್ಲ.

ಸ್ವಭಾವವನ್ನು ಹೇಳುವ ರಚನೆ ಕನ್ನಡದಲ್ಲಿ ಇದ್ದೇ ಇದೆ. ಈ ತಾಲ್ಲೂಕುಗಳ ಮಾತಿನಲ್ಲಿ ಅದರ ರೂಪ:

(3) ನಂಗೆ ಗಂಡಸ್ರ ಮ್ಯಾಲೂವೆ ಎಂಗಸ್ರ ಮ್ಯಾಲೂವೆ ಮನಸಾಯ್ತದೆ.

ಇಲ್ಲಿ ಅನುಭವಿಸುವ ವ್ಯಕ್ತಿ ಚತುರ್ಥಿಯಲ್ಲಿದ್ದು, ಕ್ರಿಯಾಪದ ನಪುಂಸಕವಾದ ‘ಮನಸು’ ಎಂಬುದಕ್ಕೆ ಅನ್ವಯಿಸುತ್ತದೆ. ಹೇಳುವವರು ಹೆಣ್ಣೋ ಗಂಡೋ ಎಂಬುದು ತಿಳಿಯುವುದಿಲ್ಲ. ‘-ಊವೆ... -ಊವೆ’ ಜೋಡಿ ಎರಡನ್ನೂ ಸಮನಾಗಿ ಸೇರಿಸುತ್ತದೆ. ‘ಆಯ್ತದೆ’ ರೂಢಿಯನ್ನು ಸೂಚಿಸುತ್ತದೆ. ಎರಡು ಎಂಬುದು ಇರಬೇಕಾದ ಜಾಗದಲ್ಲಿ, ಅಂದರೆ ಒಲವಿನ ವಿಷಯದಲ್ಲಿ ಇದೆ.

ಸಂಗಾತಿಯ ಲಿಂಗವನ್ನು ಹೇಳದಿರುವ ದಾರಿಯೂ ಉಂಟು. ‘ಬಂದವ್ನೆ, ಬಂದವ್ಳೆ’ ಎಂಬ ಏಕವಚನದ ಭೇದ ‘ಬಂದವ್ರೆ’ ಎಂಬ ಗೌರವ ಬಹುವಚನದಲ್ಲಿ ಅಳಿಸಿಹೋಗುತ್ತದೆ. ‘ನಮ್ಮನೆಯೋರು ಬಂದವ್ರೆ’ ಎಂದು ಹೆಂಡತಿಯೂ ಹೇಳಬಹುದು, ಗಂಡನೂ ಹೇಳಬಹುದು. ಸಾಂಪ್ರದಾಯಿಕ ವ್ಯಾಕರಣ ‘ನಾನು, ನೀನು, ತಾನು’ ಎಂಬವನ್ನು ವಾಚ್ಯಲಿಂಗವೆಂದು ಕರೆಯುತ್ತದೆ; ಅವುಗಳ ಲಿಂಗ ಸೂಚಿತ ವ್ಯಕ್ತಿಯನ್ನು ಅವಲಂಬಿಸಿದೆ. ‘ಸಂಗಾತಿ’, ‘ಮನೆಯವರು’ ಎಂಬ ಪದಗಳೂ ಕಾರ್ಯತಃ ಹಾಗೆಯೇ. ಪರಿಚಯವೇ ಕಾವಲಾಗಿರುವ ಹಳ್ಳಿಯಲ್ಲಿ ಇದು ಕೇವಲ ಮರ್ಯಾದೆಯ ರೂಪವಲ್ಲ, ಮರೆಯೂ ಹೌದು.

5. ‘ಇಬ್ಬರು’, ‘ಎರಡು’ ಮತ್ತು ಶಂಕೆ

ವಾಕ್ಯ (3)ನ್ನು ಚಿಕ್ಕದಾಗಿಸಿ ‘ನಂಗೆ ಇಬ್ರ ಮ್ಯಾಲೂ ಮನಸಾಯ್ತದೆ’ ಎಂದರೆ ಅರ್ಥ ಜಾರುತ್ತದೆ. ‘ಇಬ್ಬರು’ ಎಣಿಸುವುದು ವ್ಯಕ್ತಿಗಳನ್ನು, ಬಗೆಗಳನ್ನಲ್ಲ. ಕೇಳುಗರಿಗೆ ದೊರೆಯುವುದು ಏಕಕಾಲದಲ್ಲಿ ಇಬ್ಬರನ್ನು ಬಯಸುವ ವ್ಯಕ್ತಿಯ ಚಿತ್ರ. ‘ಎರಡೂ ಕಡೆ’ ಎಂದರೂ ಪಾರಿಲ್ಲ. ಎರಡು ನಾಲಗೆ, ಎರಡು ದೋಣಿಯ ಮೇಲೆ ಕಾಲು, ಉಂಡ ಮನೆಗೆ ಎರಡು ಬಗೆಯುವುದು ಮುಂತಾದ ನುಡಿಗಟ್ಟುಗಳಲ್ಲಿ ‘ಎರಡು’ ಎಂಬುದು ವಂಚನೆಯ ಸಂಖ್ಯೆ. ದ್ವಿಲೈಂಗಿಕರು ನಂಬಿಕೆಗೆ ಅರ್ಹರಲ್ಲ ಎಂಬ ಪೂರ್ವಗ್ರಹ ಅನೇಕ ಸಮಾಜಗಳಲ್ಲಿದೆ. ಕನ್ನಡದಲ್ಲಿ ಅದಕ್ಕೆ ಸಿದ್ಧ ನುಡಿಗಟ್ಟುಗಳ ಬೆಂಬಲವೂ ಸಿಗುತ್ತದೆ. ನಿಷ್ಠೆ ಸಂಗಾತಿಗಳ ನಡುವಿನ ನಡವಳಿಕೆ. ಒಲವಿನ ವ್ಯಾಪ್ತಿಗೂ ಅದಕ್ಕೂ ತಾರ್ಕಿಕ ಸಂಬಂಧವಿಲ್ಲ.

6. ಕ್ಷೇತ್ರಕಾರ್ಯಕ್ಕೆ ಸೂಚನೆಗಳು

ಮೊದಲನೆಯದಾಗಿ, ಪ್ರಶ್ನಾವಳಿಯಲ್ಲಿ ‘ದ್ವಿಲಿಂಗಿ’ ಪದವನ್ನು ಬಿಡಬೇಕು. ಅದಕ್ಕೆ ಬಂದ ‘ಅಲ್ಲ’ ಎಂಬ ಉತ್ತರ ದೇಹವನ್ನು ಕುರಿತದ್ದೋ ಒಲವನ್ನು ಕುರಿತದ್ದೋ ನಂತರ ಬಿಡಿಸಲಾಗದು.

ಎರಡನೆಯದಾಗಿ, ‘ಹೆಂಗಸರ ಮೇಲೋ ಗಂಡಸರ ಮೇಲೋ’ ಎಂದು ಕೇಳಬಾರದು. ‘-ಓ... -ಓ’ ವಿಕಲ್ಪಾರ್ಥಕ, ಅದು ಒಂದನ್ನು ಆಯ್ದು ಇನ್ನೊಂದನ್ನು ಬಿಡಬೇಕೆಂಬ ಪೂರ್ವಕಲ್ಪನೆಯನ್ನು ಹೊತ್ತು ಬರುತ್ತದೆ. ‘ಹೆಂಗಸರ ಮೇಲೆ ಮನಸ್ಸಾಗಿದ್ದುಂಟೆ?’, ‘ಗಂಡಸರ ಮೇಲೆ ಮನಸ್ಸಾಗಿದ್ದುಂಟೆ?’ ಎಂಬ ಎರಡು ಬಿಡಿ ಪ್ರಶ್ನೆಗಳು ಈ ತೊಡಕನ್ನು ನಿವಾರಿಸುತ್ತವೆ.

ಮೂರನೆಯದಾಗಿ, ಒಲವು, ಕ್ರಿಯೆ, ವೈವಾಹಿಕ ಸ್ಥಿತಿ ಮತ್ತು ತಾವೇ ಹೇಳಿಕೊಳ್ಳುವ ಹೆಸರು ಇವು ನಾಲ್ಕನ್ನೂ ಪ್ರತ್ಯೇಕವಾಗಿ ದಾಖಲಿಸಬೇಕು. ಒಂದರಿಂದ ಇನ್ನೊಂದನ್ನು ಊಹಿಸಬಾರದು.

ನಾಲ್ಕನೆಯದಾಗಿ, ಮಾತನಾಡುವವರು ‘ಅವ್ರು’ ಎಂದಲ್ಲಿ ಲಿಪ್ಯಂತರ ಮತ್ತು ಅನುವಾದದಲ್ಲೂ ಆ ಅಸ್ಪಷ್ಟತೆಯನ್ನು ಉಳಿಸಬೇಕು. ಇಂಗ್ಲಿಷಿಗೆ ತರುವಾಗ ಸಂದರ್ಭದಿಂದ ಲಿಂಗವನ್ನು ಊಹಿಸಿ ತುಂಬುವುದು ತಪ್ಪು ಅನುವಾದ ಮಾತ್ರವಲ್ಲ; ಹೇಳುವವರು ಬೇಕೆಂದೇ ಮುಚ್ಚಿಟ್ಟದ್ದನ್ನು ಅವರ ಒಪ್ಪಿಗೆಯಿಲ್ಲದೆ ತೆರೆದಂತೆ.

7. ಉಪಸಂಹಾರ

ದ್ವಿಲೈಂಗಿಕತೆಯನ್ನು ಹೇಳಲು ಕನ್ನಡದಲ್ಲಿ ಪದವಿಲ್ಲ ಎಂಬ ಮಾತು ಅರ್ಧ ಸತ್ಯ. ಕೊರತೆಯಿರುವುದು ನಾಮಪದದಲ್ಲಿ. ಚತುರ್ಥೀ ಕರ್ತೃ, ಸಮುಚ್ಚಯದ ‘-ಊ’, ಗೌರವ ಬಹುವಚನ ಇವು ಯಾವ ಪರಿಭಾಷೆಗೂ ಕಾಯದೆ ಈ ಕೆಲಸವನ್ನು ಮಾಡಬಲ್ಲವು. ಹೆಸರು ಮುಂದೆ ಬರಲಿ; ಅದನ್ನು ಆಯ್ದುಕೊಳ್ಳುವ ಹಕ್ಕು ಆ ಹೆಸರಿನಿಂದ ಕರೆಸಿಕೊಳ್ಳುವವರದು. ಅಲ್ಲಿಯವರೆಗೆ ಸಂಶೋಧಕರು ವಾಕ್ಯದಲ್ಲಿ ಕೇಳಬೇಕು, ವಾಕ್ಯದಲ್ಲಿ ಬಂದ ಉತ್ತರವನ್ನು ವಾಕ್ಯವಾಗಿಯೇ ದಾಖಲಿಸಬೇಕು.