ಪಡಸಾಲೆಗೆ ಬಂದ ಹೊಸ ವಿನ್ಯಾಸ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ಈಗ ಬಡಿಗೇರರ ಹತ್ತಿರ ಹೋಗುವಾಗ ಮೊಬೈಲಿನಲ್ಲಿ ಒಂದು ಚಿತ್ರ ಇಟ್ಟುಕೊಂಡೇ ಹೋಗುತ್ತಾರೆ. ತೆಳುಗಾಲಿನ ಸೋಫಾ, ಮಡಚಿದರೆ ಗೋಡೆಗೆ ಒರಗಿ ನಿಲ್ಲುವ ಮಂಚ, ಮೆಟ್ಟಿಲ ಕೆಳಗಿನ ಸಂದಿಯಿಂದ ಎಳೆದರೆ ಹೊರಬರುವ ಖಾನೆಗಳು. "ಇಂಥಾದ್ದ ಬೇಕ್ರಿ" ಎಂದು ಚಿತ್ರ ಮುಂದೆ ಹಿಡಿಯುತ್ತಾರೆ. ಬಡಿಗೇರರು ಚಿತ್ರವನ್ನು ಹಿಗ್ಗಿಸಿ, ಕುಗ್ಗಿಸಿ ನೋಡಿ ಅಳತೆ ಕೇಳುತ್ತಾರೆ. ಅಳತೆ ಚಿತ್ರದಲ್ಲಿ ಇರುವುದಿಲ್ಲ.

ಚಿತ್ರದಲ್ಲಿ ಇಲ್ಲದ ಸಂಗತಿಗಳು ಇನ್ನೂ ಇವೆ. ಆ ಸೋಫಾದ ಮೇಲೆ ಕಾಲು ಮಡಚಿ ಕೂಡಲು ಬರುತ್ತದೆಯೇ, ಮೊಣಕಾಲು ನೋವಿರುವ ಅಜ್ಜಿ ಅದರಿಂದ ತಾನೇ ಏಳಬಲ್ಲಳೇ, ಏಪ್ರಿಲ್ ಬಿಸಿಲಿನಲ್ಲಿ ಅದರ ರೆಕ್ಸಿನ್ ಬೆನ್ನಿಗೆ ಅಂಟುತ್ತದೆಯೇ, ದಿನಾ ನೆಲ ಒರೆಸುವ ಮನೆಯಲ್ಲಿ ಅದರ ಕಾಲು ಎಷ್ಟು ವರ್ಷ ನಿಂತೀತು? ಆಧುನಿಕ ವಿನ್ಯಾಸವೆಂಬುದು ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸ. ಅದನ್ನು ಹಾಗೆ ಕಂಡರೆ ಈ ಮೂರೂ ಊರುಗಳಿಗೆ ವಿನ್ಯಾಸ ಹೊಸದಲ್ಲ ಎಂಬುದೂ ಗೊತ್ತಾಗುತ್ತದೆ.

ಅಡತಿ ಅಂಗಡಿಯ ಗಾದಿ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಬಳ್ಳಾರಿ, ರಾಯಚೂರಿನಿಂದಲೂ ಆಂಧ್ರದಿಂದಲೂ ರೈತರು ಚೀಲ ತರುತ್ತಾರೆ. ಹಳೆಯ ಕಾಲದ ಅಡತಿ ಅಂಗಡಿಗಳ ಪೀಠೋಪಕರಣ ಬಹಳ ಸರಳ. ನೆಲಕ್ಕೆ ಹಾಸಿದ ಗಾದಿ, ಅದರ ಮೇಲೆ ಬಿಳಿ ಹೊದಿಕೆ, ಒರಗಲು ಲೋಡು, ಮುಂದೆ ಇಳಿಜಾರು ಮುಚ್ಚಳದ ಒಂದು ಗಿಡ್ಡ ಪೆಟ್ಟಿಗೆ. ಲೆಕ್ಕ ಬರೆಯುವಾಗ ಪೆಟ್ಟಿಗೆಯ ಮುಚ್ಚಳವೇ ಮೇಜು, ಎತ್ತಿದರೆ ಒಳಗೆ ಕೀರ್ದಿ ಪುಸ್ತಕ ಮತ್ತು ಗಲ್ಲಾ. ಇಬ್ಬರು ಬಂದರೂ ಹತ್ತು ಮಂದಿ ಬಂದರೂ ಅದೇ ಗಾದಿ ಸಾಕು. ದೂರದಿಂದ ಬಂದ ರೈತ ಮಧ್ಯಾಹ್ನ ಅಲ್ಲೇ ಅಡ್ಡಾಗಬಹುದು. ಒಳಗಿನ ಅರಳೆ ಗಂಟುಕಟ್ಟಿದರೆ ಹಿಂಜಿಸಿ ಮತ್ತೆ ತುಂಬಿಸಿದರಾಯಿತು. ಇಂದಿನ ಕಂಪನಿಗಳು ಬಿಡಿಬಿಡಿಯಾಗಿ ಮಾರುವ 'ಮಾಡ್ಯುಲರ್' ಸೋಫಾದ ಗುಣವೆಲ್ಲ ಈ ಗಾದಿಯಲ್ಲಿದೆ.

ಹೊರಸಿನ ಕಥೆಯೂ ಇಂಥದೇ. ನಾಲ್ಕು ಕಾಲು, ನಾಲ್ಕು ಪಟ್ಟಿ, ಒಂದು ಹಗ್ಗ. ಹೆಣಿಗೆ ಜೋತುಬಿದ್ದರೆ ಕಾಲ್ದೆಸೆಯ ಹಗ್ಗ ಬಿಗಿದರೆ ಸಾಕು, ಹರಿದರೆ ಹಗ್ಗ ಮಾತ್ರ ಬದಲಿಸಬೇಕು. ಗಾಳಿ ಕೆಳಗಿನಿಂದಲೂ ಆಡುವುದರಿಂದ ಬೇಸಿಗೆಯಲ್ಲಿ ಬೆವರುವುದಿಲ್ಲ. ಒಬ್ಬರೇ ಎತ್ತಿ ಅಂಗಳಕ್ಕೆ ಒಯ್ಯಬಹುದು.

ಮನೆಯೊಳಗೆ ಹೋದರೆ ಗೋಡೆಯ ದಪ್ಪವನ್ನೇ ಕಪಾಟಾಗಿಸಿದ ಮಾಡಗಳು, ತಲೆಗಿಂತ ಮೇಲೆ ಗೋಡೆಯುದ್ದಕ್ಕೂ ಹಾಯ್ದ ನಾಗೊಂದಿಗೆ, ನೆಲದಡಿಯಲ್ಲಿ ಜೋಳ ತುಂಬಿಡುವ ಹಗೇವು. ಮೂರಕ್ಕೂ ತುಳಿದಾಡುವ ನೆಲದಲ್ಲಿ ಒಂದು ಗೇಣೂ ಬೇಕಿಲ್ಲ. ಕೂಡುವ ಮಣೆ ಮತ್ತು ಹೆಚ್ಚುವ ಅಲಗು ಒಂದೇ ಆಗಿರುವ ಈಳಿಗೆಯಲ್ಲಿ ಮೈಭಾರವೇ ಮಣೆಯನ್ನು ಅಲುಗದಂತೆ ಹಿಡಿದು ಎರಡೂ ಕೈಗಳನ್ನು ಬಿಡುವಾಗಿಡುತ್ತದೆ. ಪುರಾಣ ಓದುವ ವ್ಯಾಸಪೀಠವನ್ನು ಒಂದೇ ಹಲಗೆಯಿಂದ ಕೊರೆಯುತ್ತಾರೆ. ಮೊಳೆ ಇಲ್ಲ, ಅಂಟಿಲ್ಲ. ಬಿಚ್ಚಿದರೆ ಪೀಠ, ಮಡಚಿದರೆ ಹಲಗೆ.

ಹೀಗೆ ಬಾಳಿದ ಹಳ್ಳಿಮನೆಯ ಲೋಕವನ್ನು ಆಳೆತ್ತರದ ಶಿಲ್ಪಗಳಲ್ಲಿ ನೋಡಬೇಕೆಂದರೆ ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಗೆ ಹೋಗಬೇಕು. ಹೆದ್ದಾರಿಯ ಪಕ್ಕದಲ್ಲೇ ಕಲಾವಿದ ಟಿ.ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಮನೆಗೆ ಹೊಸ ಸಾಮಾನು ಮಾಡಿಸಲು ಹೊರಟ ದಂಪತಿ ಅಲ್ಲಿ ಅರ್ಧ ದಿನ ಕಳೆದರೆ ಯಾವ ಕ್ಯಾಟಲಾಗಿನಲ್ಲೂ ಸಿಗದ ಕೆಲವು ವಿಚಾರಗಳು ಸಿಕ್ಕಾವು.

ಆರು ತುಂಡಿನ ಕುರ್ಚಿ

ಯುರೋಪಿನಲ್ಲಿ ಆಧುನಿಕ ಪೀಠೋಪಕರಣದ ದಾರಿ ತೆರೆದದ್ದು ಒಂದು ಸಾಧಾರಣ ಹೋಟೆಲ್ ಕುರ್ಚಿ. ಮೈಕೆಲ್ ಥೋನೆಟ್ ಎಂಬ ಬಡಗಿ ಬೀಚ್ ಮರದ ಕೋಲುಗಳನ್ನು ಹಬೆಯಲ್ಲಿ ಬೇಯಿಸಿ ಬಾಗಿಸುವ ವಿಧಾನವನ್ನು ಪಳಗಿಸಿ 1859ರಲ್ಲಿ '14ನೇ ನಂಬರ್' ಕುರ್ಚಿಯನ್ನು ತಂದ. ಆರು ತುಂಡು ಮರ, ಹತ್ತು ತಿರುಪುಮೊಳೆ, ಎರಡು ನಟ್ಟು, ಅಷ್ಟೇ. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಸುತ್ತಿದ್ದವು. ಸಾಗಣೆ ಅಗ್ಗವಾಯಿತು, ಕುರ್ಚಿಯೂ ಅಗ್ಗವಾಯಿತು.

ಇದೇ ಲೆಕ್ಕವನ್ನು ಮುಂದೆ ಸ್ವೀಡನ್ನಿನ ಐಕಿಯಾ ಹಿಡಿಯಿತು. 1943ರಲ್ಲಿ ಶುರುವಾದ ಆ ಕಂಪನಿ 1956ರಿಂದ ಮೇಜಿನ ಕಾಲು ಬಿಚ್ಚಿ ಚಪ್ಪಟೆ ಡಬ್ಬಿಯಲ್ಲಿ ಕೊಡತೊಡಗಿತು; ಕೂಡಿಸುವ ಕೆಲಸ ಗಿರಾಕಿಯದಾಯಿತು. 2022ರ ಜೂನ್‌ನಲ್ಲಿ ಬೆಂಗಳೂರಿನ ನಾಗಸಂದ್ರದಲ್ಲಿ ಅದರ ಮಳಿಗೆ ತೆರೆದ ಮೇಲೆ ಕರ್ನಾಟಕದ ಬಹಳಷ್ಟು ಜನ ಡಬ್ಬಿಯಲ್ಲಿ ಬರುವ ಕಪಾಟನ್ನು ಮೊದಲ ಸಲ ಕೈಯಾರೆ ಮುಟ್ಟಿ ನೋಡಿದರು.

ಆದರೆ ಹಾವೇರಿಯ ಮದುವೆ ಮಂಟಪಗಳನ್ನೂ ಜಾತ್ರೆಗಳನ್ನೂ ಗೆದ್ದ ಆಧುನಿಕ ಆಸನ ಬೇರೆಯದು. ಅದು ಪ್ಲಾಸ್ಟಿಕ್ ಕುರ್ಚಿ. ಫ್ರಾನ್ಸಿನ ಹೆನ್ರಿ ಮಸೋನೆ 1972ರಲ್ಲಿ ರೂಪಿಸಿದ ಒಂದೇ ಅಚ್ಚಿನ ಕುರ್ಚಿಯ ವಂಶದ್ದು. ಕರಗಿದ ಪ್ಲಾಸ್ಟಿಕ್ ಅಚ್ಚಿಗೆ ಹೊಕ್ಕು ಕುರ್ಚಿಯಾಗಿ ಹೊರಬರಲು ಕೆಲವೇ ನಿಮಿಷ ಸಾಕು. ಹಗುರ, ಒಂದರ ಮೇಲೊಂದು ಪೇರಿಸಬಹುದು, ಮಳೆಗೆ ಕೊಳೆಯದು. ಅದರ ದೊಡ್ಡ ಕೊರತೆ ರಿಪೇರಿ. ಬಿಸಿಲಿಗೆ ಒಣಗಿ ಕಾಲು ಮುರಿದರೆ ಬಡಿಗೇರರೂ ಕಮ್ಮಾರರೂ ಅದಕ್ಕೆ ಏನೂ ಮಾಡಲಾರರು.

ಅಡುಗೆಮನೆಯ ಲೆಕ್ಕ

ವಿನ್ಯಾಸದ ಬೆಲೆ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಅಡುಗೆಮನೆಯಲ್ಲಿ. ಮಾರ್ಗರೆಟೆ ಶುಟ್ಟೆ–ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಕಾರ್ಮಿಕರ ಮನೆಗಳಿಗಾಗಿ ಪುಟ್ಟ ಅಡುಗೆಮನೆಯೊಂದನ್ನು ರೂಪಿಸಿದರು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ಒಲೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಕಪಾಟಿಗೆ ಹೆಂಗಸು ಎಷ್ಟು ಹೆಜ್ಜೆ ಇಡುತ್ತಾಳೆ, ಎಷ್ಟು ಹೊತ್ತು ಬೇಕು ಎಂದು ಅಳೆದು ಆಮೇಲೆ ನಕ್ಷೆ ಬರೆದರು. ಇಂದು ರಾಣೆಬೆನ್ನೂರಿನ ಅಂಗಡಿಯವರು ತೋರಿಸುವ ಮಾಡ್ಯುಲರ್ ಕಿಚನ್ನಿನ ಮೂಲ ಅಲ್ಲಿದೆ.

ಕರ್ನಾಟಕದ ಅಡುಗೆಮನೆಗೂ ಇಂಥ ಸಂಶೋಧನೆ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 1974ರಲ್ಲಿ ಹುಟ್ಟಿದ 'ಅಸ್ತ್ರ' ಕೇಂದ್ರ ಹಳ್ಳಿಗಳಿಗಾಗಿ ಒಂದು ಸೌದೆ ಒಲೆ ರೂಪಿಸಿತು. ಬೆಂಕಿಯ ಗೂಡು ಮುಚ್ಚಿದ್ದು, ಸೌದೆ ಉರಿಯಲು ಕೆಳಗೆ ಜಾಲರಿ, ಒಂದೇ ಉರಿಗೆ ಸಾಲಾಗಿ ಮೂರು ಪಾತ್ರೆ, ಹೊಗೆ ಹೊರಹೋಗಲು ಕೊಳವೆ. ಅಸ್ತ್ರ ಒಲೆ ಎಂದೇ ಹೆಸರಾದ ಅದು 1980ರ ದಶಕದಲ್ಲಿ ನಾಡಿನ ಹಳ್ಳಿಹಳ್ಳಿಗೆ ಹೋಯಿತು. ಸೌದೆ ಉಳಿಸಿತು, ಹೆಣ್ಣುಮಕ್ಕಳ ಕಣ್ಣು ಮತ್ತು ಎದೆಯನ್ನು ಹೊಗೆಯಿಂದ ಕಾಪಾಡಿತು.

ಈಗ ಗ್ಯಾಸ್ ಬಂದಿದೆ, ಕಟ್ಟೆ ಎತ್ತರವಾಗಿದೆ. ಜೋಳದ ರೊಟ್ಟಿ ಬಡಿಯುವುದು ಮಾತ್ರ ನಿಂತಿಲ್ಲ. ಹೆಚ್ಚುವ, ಕಲಸುವ ಹಗುರ ಕೆಲಸಕ್ಕೆ ಕಟ್ಟೆ ಮೊಣಕೈಗಿಂತ ನಾಲ್ಕರಿಂದ ಆರು ಅಂಗುಲ ತಗ್ಗಿರಬೇಕು. ಬಲ ಹಾಕಿ ಬಡಿಯುವ ಕೆಲಸಕ್ಕೆ ಇನ್ನೂ ತಗ್ಗು ಬೇಕು. ಎಲ್ಲ ಕಡೆ ಒಂದೇ ಎತ್ತರದ ಗ್ರಾನೈಟ್ ಹಾಸಿದರೆ ರೊಟ್ಟಿ ಮಾಡುವವರ ಹೆಗಲು ದಿನವೂ ಅದರ ಶಿಕ್ಷೆ ಉಣ್ಣುತ್ತದೆ. ಕಟ್ಟೆಯ ಕೆಳಗಿನ ಒಂದು ಖಾನೆಯನ್ನು ಗಟ್ಟಿ ಹಲಗೆಯಾಗಿ ಮಾಡಿಸಿ, ಬೇಕಾದಾಗ ಹೊರಕ್ಕೆ ಎಳೆಯುವಂತೆ ಇಟ್ಟರೆ ಎರಡೂ ಎತ್ತರ ಒಂದೇ ಜಾಗದಲ್ಲಿ ದಕ್ಕುತ್ತವೆ. ಜಾಣ ವಸ್ತುವೆಂದರೆ ಹೀಗೆ ಆ ಮನೆಯ ಊಟದಿಂದ ಹುಟ್ಟಬೇಕು.

ಒಂದು ಲಕ್ಷ ರೂಪಾಯಿಯ ಬಹುಮಾನ

ಸ್ವಾತಂತ್ರ್ಯಪೂರ್ವದ ಭಾರತದಲ್ಲಿ ಮನೆಬಳಕೆಯ ವಸ್ತುವೊಂದಕ್ಕೆ ನಡೆದ ದೊಡ್ಡ ವಿನ್ಯಾಸ ಸ್ಪರ್ಧೆ ಚರಕದ್ದು. 1929ರಲ್ಲಿ ಗಾಂಧೀಜಿಯ ಅಖಿಲ ಭಾರತ ಚರಕ ಸಂಘ ಉತ್ತಮ ಚರಕಕ್ಕೆ ಒಂದು ಲಕ್ಷ ರೂಪಾಯಿ ಬಹುಮಾನ ಸಾರಿತು. ಷರತ್ತುಗಳು ಕಟುವಾಗಿದ್ದವು. ಯಂತ್ರ ಹಗುರವಾಗಿರಬೇಕು, ಹಳ್ಳಿಯ ಗುಡಿಸಲಿನಲ್ಲಿ ಕೈಯಿಂದಲೋ ಕಾಲಿನಿಂದಲೋ ನಡೆಯಬೇಕು, ಬೆಲೆ 150 ರೂಪಾಯಿ ದಾಟಬಾರದು, 20 ವರ್ಷ ಬಾಳಬೇಕು, ವರ್ಷದ ರಿಪೇರಿ ಖರ್ಚು ಅದರ ಬೆಲೆಯ ನೂರಕ್ಕೆ 5ನ್ನು ಮೀರಬಾರದು. ಬಹುಮಾನ ಯಾರಿಗೂ ದಕ್ಕಲಿಲ್ಲ. ಮುಂದೆ ಯರವಡಾ ಜೈಲಿನಲ್ಲಿದ್ದಾಗ ಗಾಂಧೀಜಿ ತಿದ್ದಿ ರೂಪಿಸಿದ ಪೆಟ್ಟಿಗೆ ಚರಕ, ಎರಡು ಚಕ್ರಗಳನ್ನು ಒಳಗೆ ಮಡಚಿಟ್ಟು ಕೈಯಲ್ಲಿ ಹಿಡಿದು ಹೋಗುವಂಥ ವಸ್ತುವಾಗಿ ಮನೆಮನೆ ಸೇರಿತು.

ನೂಲುವುದೇ ನಿತ್ಯದ ವ್ರತವಾಗಿದ್ದ ಸಾಬರಮತಿ ಆಶ್ರಮದಿಂದ 1930ರಲ್ಲಿ ದಂಡಿಗೆ ನಡೆದವರಲ್ಲಿ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರೂ ಇದ್ದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಹುತಾತ್ಮರಾದ ಅವರನ್ನು ಈ ಜಿಲ್ಲೆ ಇಂದಿಗೂ ನೆನೆಯುತ್ತದೆ. ಅವರ ಕಾಲದ ಆ ಚರಕ ಸ್ಪರ್ಧೆಯ ಷರತ್ತುಪಟ್ಟಿ ಇಂದಿನ ಕೊಳ್ಳುವವರಿಗೂ ನೇರವಾಗಿ ಒದಗುತ್ತದೆ. ಎಷ್ಟು ವರ್ಷ ಬಾಳುತ್ತದೆ, ಕೆಟ್ಟರೆ ಯಾರು ಸರಿಮಾಡುತ್ತಾರೆ, ವರ್ಷಕ್ಕೆ ಎಷ್ಟು ಖರ್ಚು? ಅಂಗಡಿಯಲ್ಲಿ ಈ ಮೂರನ್ನು ಕೇಳುವವರು ಕಡಿಮೆ.

ಸ್ವಾತಂತ್ರ್ಯದ ನಂತರ ಭಾರತ ಸರ್ಕಾರದ ಕರೆಯ ಮೇಲೆ ಬಂದ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ 1958ರಲ್ಲಿ ಕೊಟ್ಟ ವರದಿಯಲ್ಲಿ ತುಂಬ ಮೆಚ್ಚಿ ಬರೆದದ್ದು ನಮ್ಮ ತಂಬಿಗೆಯ ಬಗ್ಗೆ. ಎಷ್ಟು ನೀರು ಹಿಡಿಯಬೇಕು, ಕೈಗೆ ಹೇಗೆ ಕೂಡಬೇಕು, ಸುರಿಯುವಾಗ ಹೇಗೆ ವಾಲಬೇಕು ಎಂಬುದನ್ನೆಲ್ಲ ಎಷ್ಟೋ ತಲೆಮಾರು ಸೇರಿ ತೀರ್ಮಾನಿಸಿದ ವಸ್ತುವನ್ನು ಅವರು ಅದರಲ್ಲಿ ಕಂಡರು. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು.

ಇಲ್ಲಿಯ ಕೈಗೆ ಹೊಸ ಕೆಲಸ

1950ರ ದಶಕದಲ್ಲಿ ವಾಸ್ತುಶಿಲ್ಪಿ ಪಿಯರ್ ಜನರೇ ಚಂಡೀಗಡದ ಸರ್ಕಾರಿ ಕಚೇರಿಗಳಿಗಾಗಿ ಸಾಗವಾನಿ ಮತ್ತು ಬೆತ್ತದ ಕುರ್ಚಿಗಳನ್ನು ರೂಪಿಸಿದರು. ಬೆತ್ತದ ಹೆಣಿಗೆಯಿಂದ ಬೆನ್ನಿಗೆ ಗಾಳಿ, ಓರೆಗಾಲಿನಿಂದ ಗಟ್ಟಿತನ. ವರ್ಷಗಳ ಮೇಲೆ ಗುಜರಿ ರಾಶಿಗೆ ಬಿದ್ದ ಅವೇ ಕುರ್ಚಿಗಳು ಆಮೇಲೆ ವಿದೇಶಿ ಹರಾಜುಗಳಲ್ಲಿ ಲಕ್ಷಗಟ್ಟಲೆಗೆ ಹೋದವು. ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಎಂಬ ಸಂಸ್ಥೆ ಆ ಮಾದರಿಗಳನ್ನು ಭಾರತೀಯ ಕುಶಲಕರ್ಮಿಗಳ ಕೈಯಲ್ಲಿ ಮತ್ತೆ ಮಾಡಿಸುತ್ತಿದೆ. ಇನ್ನೊಂದೆಡೆ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಪರಿಸರ ಸಂಶೋಧನೆಯ ಏಟ್ರೀ ಸಂಸ್ಥೆಯ ಜತೆ ಸೇರಿ ಕಾಡನ್ನು ನುಂಗುತ್ತಿರುವ ಲಂಟಾನ ಕಳೆಯ ಕೋಲುಗಳನ್ನು ಬೇಯಿಸಿ, ತೊಗಟೆ ಸುಲಿದು, ಬಾಗಿಸಿ ಕುರ್ಚಿ, ಸೋಫಾ ಮಾಡುತ್ತಾರೆ. ಆ ಕೋಲಿಗೆ ಗೆದ್ದಲು ಸುಲಭವಾಗಿ ಹತ್ತದು.

ಹಾವೇರಿ ಜಿಲ್ಲೆಯಲ್ಲೂ ಇಂಥ ಕೆಲಸಕ್ಕೆ ಬೇಕಾದ ಕೈಗಳಿವೆ. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿ ಕಂಬಳಿಗೆ ಹೆಸರಾದ ಊರು. ಕುರಿಯುಣ್ಣೆಯ ನೂಲಿಗೆ ಹುಣಸೆಬೀಜದ ಗಂಜಿ ಕೊಟ್ಟು ನೇಯುವ ಕಂಬಳಿ ಮಳೆ, ಚಳಿ ಎರಡನ್ನೂ ತಡೆಯುತ್ತದೆ. ಅದರ ಕಪ್ಪು, ಕಂದು ಪಟ್ಟೆಗಳು ಯಾವ ಹೊಸ ಸೋಫಾದ ದಿಂಬಿಗೂ ಚೆಂದ ಒಪ್ಪುತ್ತವೆ. ಪಕ್ಕದ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆ ಭೌಗೋಳಿಕ ಗುರುತು ಪಡೆದ ನೇಯ್ಗೆ. ಹೆಂಗಸರೇ ನೇಯುವ ಅದರ ನವಿಲು, ಪಗಡೆ ಹಾಸಿನ ಚಿತ್ರಗಳು ಪಡಸಾಲೆಯ ನೆಲಕ್ಕೆ ಜೀವ ಕೊಡುತ್ತವೆ. ಹಳೆಯ ಸೀರೆಗಳ ಕೌದಿ ದಿವಾನದ ಹೊದಿಕೆಯಾಗಬಲ್ಲದು. ಮೇದಾರರ ಬಿದಿರ ಹೆಣಿಗೆ ಕಪಾಟಿನ ಬಾಗಿಲಿಗೆ ಬಂದರೆ ಒಳಗಿನ ಬಟ್ಟೆಗೆ ಗಾಳಿ ಆಡುತ್ತದೆ. ಇವರಿಗೆಲ್ಲ ಈಗ ಬೇಕಿರುವುದು ಅಳತೆ ಬರೆದ ನಕ್ಷೆ, ಒಪ್ಪಿದ ಕೂಲಿ ಮತ್ತು ಕಾಯುವ ಗಿರಾಕಿ.

ಕೊಳ್ಳುವ ಮುಂಚೆ

ಮೊದಲು ಖಡು ಹಿಡಿದು ಸೋಫಾದ, ಮಂಚದ ನಿಜ ಅಳತೆಯನ್ನು ನೆಲದ ಮೇಲೆ ಗೀಚಬೇಕು. ಸುತ್ತ ನಡೆದಾಡಲು ಎರಡೂವರೆ ಅಡಿ ಉಳಿದರೆ ಸರಿ. ಬಾಗಿಲು ಮತ್ತು ಮೆಟ್ಟಿಲ ತಿರುವಿನಲ್ಲಿ ಸಾಮಾನು ಹಾಯುತ್ತದೆಯೇ ಎಂದೂ ನೋಡಬೇಕು. ಕುರ್ಚಿಯ ಕೂರುವ ಎತ್ತರ 16ರಿಂದ 18 ಅಂಗುಲ ಇದ್ದರೆ ಕೂತು ಏಳಲು ಅನುಕೂಲ. ಸೋಫಾ ತೀರ ಆಳವಾಗಿದ್ದರೆ ಗಿಡ್ಡ ಆಳಿನವರ ಬೆನ್ನು ಒರಗುವ ಜಾಗಕ್ಕೆ ಮುಟ್ಟದು.

ಮರದ ಹೆಸರಿನಲ್ಲಿ ಮಾರುವುದೆಲ್ಲ ಮರವಲ್ಲ. ಪಾರ್ಟಿಕಲ್ ಬೋರ್ಡು ಮರದ ಚೂರು, ಎಂಡಿಎಫ್ ಮರದ ನಾರು. ಎರಡನ್ನೂ ಅಂಟಿನಿಂದ ಒತ್ತಿ ಮಾಡುತ್ತಾರೆ. ಒಣ ಜಾಗದ ಪುಸ್ತಕದ ಕಪಾಟಿಗೆ ನಡೆದೀತು, ನೀರು ತಗುಲಿದರೆ ಉಬ್ಬುತ್ತವೆ. ಪ್ಲೈವುಡ್ಡಿನಲ್ಲಿ ಐಎಸ್ 303 ಸಾಮಾನ್ಯ ಬಳಕೆಯದು, ಐಎಸ್ 710 ನೀರು ತಾಳುವ ಮರೈನ್ ದರ್ಜೆಯದು. ಸಿಂಕಿನ ಕೆಳಗೆ ಎರಡನೆಯದೇ ಬೇಕು. ಕಪಾಟನ್ನು ನೆಲದಿಂದ ನಾಲ್ಕು ಅಂಗುಲ ಎತ್ತರಿಸಿದರೆ ಒರೆಸುವ ನೀರು ತಾಗದು, ಗೆದ್ದಲು ಹತ್ತಿದರೂ ಬೇಗ ಕಣ್ಣಿಗೆ ಬೀಳುತ್ತದೆ.

ಅಂಟಿಸಿದ ಜೋಡಣೆಗಿಂತ ತಿರುಪಿನ ಜೋಡಣೆ ಮೇಲು. ಮನೆ ಬದಲಿಸುವಾಗ ಬಿಚ್ಚಿ ಕಟ್ಟಬಹುದು, ಒಂದು ಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸಬಹುದು. ಬಿಲ್ಲಿನಲ್ಲಿ ಪ್ಲೈವುಡ್ಡಿನ ಐಎಸ್ ಸಂಖ್ಯೆ, ಬಿಜಾಗರಿ ಮತ್ತು ಖಾನೆಯ ಚಾನೆಲ್‌ಗಳ ಕಂಪನಿ, ಅಳತೆ ಎಲ್ಲವನ್ನೂ ಬರೆಸಿಕೊಳ್ಳಬೇಕು. ಐದಾರು ವರ್ಷದ ಮೇಲೆ ಬಿಜಾಗರಿ ಕಿತ್ತುಬಂದರೆ ಆ ಚೀಟಿ ಹಿಡಿದು ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಅದೇ ಅಳತೆಯದನ್ನು ಕೇಳಿ ತರಬಹುದು.